ಎಂಟುನೂರು ಜನರ ಅಡ್ಮಿನ್, ಮೊದಲ ಬಸ್ಸಿನ ಕಂಡಕ್ಟರ್

ಬೆಳಗಿನ ಐದೂ ಮುಕ್ಕಾಲು. ಮಳವಳ್ಳಿ ಬಸ್ ನಿಲ್ದಾಣದಲ್ಲಿ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಮೊದಲ ಖಾಸಗಿ ಬಸ್ಸಿನ ಬಾಗಿಲಿಗೆ ಒರಗಿ ಚಲುವರಾಜು ನಿಂತಿದ್ದಾರೆ. ಎಡಗೈ ಬೆರಳುಗಳ ಸಂದಿಯಲ್ಲಿ ಉದ್ದಕ್ಕೆ ಮಡಿಸಿದ ನೋಟು, ಕಂಕುಳಲ್ಲಿ ಟಿಕೆಟ್ ಚೀಲ, ಬಲಗೈಯಲ್ಲಿ ಫೋನು. ಬಾಯಿ "ಮದ್ದೂರ್, ಮಂಡ್ಯ, ಮದ್ದೂರ್, ಮಂಡ್ಯ" ಎಂದು ಕೂಗುತ್ತಿದೆ. ಹೆಬ್ಬೆರಳು ಒಂದೇ ಸಮನೆ ಅಳಿಸುತ್ತಿದೆ. ಗುಲಾಬಿ ಹೂವಿನ ಶುಭೋದಯ ಹೋಯಿತು. ದೀಪದ ಚಿತ್ರದ ಶುಭೋದಯ ಹೋಯಿತು. ಹನ್ನೊಂದು ಜನಕ್ಕೆ ಕಳಿಸದಿದ್ದರೆ ಕೆಟ್ಟದ್ದಾಗುತ್ತದೆ ಎಂಬ ಬೆದರಿಕೆಯೂ ಹೋಯಿತು.

ಹಾಲಿನ ಕ್ಯಾನು ಹಿಡಿದು ಹತ್ತಿದ ಒಬ್ಬರು ಮೆಟ್ಟಿಲ ಮೇಲೆಯೇ ನಿಂತು ಜಗಳ ತೆಗೆಯುತ್ತಾರೆ.

"ಏನ್ಲಾ ಚಲುವಾ, ನಾನ್ ಆಕಿದ್ನ ಯಾಕ್ಲಾ ತೆಗ್ದೆ?"

"ಮಂಡ್ಯದಲ್ಲಿ ಮೀನಿನ ಮಳೆ ಸುರೀತು ಅಂತ ಆಕಿದ್ದೆ ಕಣ್ಲಾ. ನೆನ್ನೆ ಮೂರು ಸಲ ಮಂಡ್ಯಕ್ಕೋಗಿ ಬಂದಿವ್ನಿ. ಒಂದು ಮೀನೂ ಕಾಣ್ನಿಲ್ಲ. ಒಳೀಕ್ ನಡಿ."

ಐವತ್ತೊಂದು ವರ್ಷದ ಚಲುವರಾಜು ಇಪ್ಪತ್ತಾರು ವರ್ಷದಿಂದ ಕಂಡಕ್ಟರ್. ನಾಲ್ಕು ವರ್ಷದಿಂದ 'ನಮ್ಮೂರ ಪದ್ಧತಿ ಬಳಗ' ಎಂಬ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ. ಮದ್ದೂರು, ಮಳವಳ್ಳಿ ಕಡೆಯ ಹನ್ನೊಂದು ಹಳ್ಳಿಗಳ ಎಂಟುನೂರ ಎಪ್ಪತ್ತೆರಡು ಜನ ಅದರಲ್ಲಿದ್ದಾರೆ. ಬೇರೆ ಅಡ್ಮಿನ್‌ಗಳು ಫೋನು ಆರಿಸಿ ಮಲಗಬಹುದು. ಇವರ ಸದಸ್ಯರು ದಿನಾ ಇವರ ಬಸ್ಸಿಗೇ ಹತ್ತುತ್ತಾರೆ. ನಾನೂ ಅದೇ ಬಸ್ಸಿನವಳು. ಡ್ರೈವರ್ ಹಿಂದಿನ ಮೂರನೇ ಸೀಟಿನಲ್ಲಿ ಕೂತು ಈ ಜಗಳಗಳನ್ನು ನೋಡುತ್ತಾ ಬಂದವಳು.

ಗುಂಪು ಹುಟ್ಟಿದ್ದೂ ಬಸ್ಸಿನಲ್ಲೇ. ಊರ ಹಬ್ಬಕ್ಕೆ ಡಿಜೆ ತಂದು, ಅದರ ಸದ್ದಿಗೆ ಮಾರಮ್ಮನ ಗುಡಿಯ ಹೆಂಚು ಜಾರಿ ಬಿದ್ದ ವರ್ಷ ಎಂಟು ಜನ ಹಿಂದಿನ ಸೀಟಿನಲ್ಲಿ ಕೂತು ಶುರು ಮಾಡಿದರು. ಡಿಜೆ ನಿಲ್ಲಿಸಿದರು. ಗುಡಿಯ ಎದುರಿಗೇ ಬರಲಿದ್ದ ಮದ್ಯದಂಗಡಿ ಬೇಡವೆಂದು ಅರ್ಜಿ ಹಾಕಿ ಆಚೆಗೆ ಕಳಿಸಿದರು. ಕಲ್ಯಾಣಿಯಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಯುವುದನ್ನು ತಡೆದರು. ಪಕ್ಷದ ಮಾತು ಬಂದರೆ ಯಾವ ಪಕ್ಷದ್ದಾದರೂ ಚಲುವರಾಜು ಅಳಿಸುತ್ತಾರೆ. ಹಾಗಾಗಿ ಎರಡೂ ಕಡೆಯವರಿಗೆ ಅವರ ಮೇಲೆ ಸಿಟ್ಟಿದೆ.

"ಅಪ್ಪ ಅಜ್ಜ ಮಾಡ್ತಿದ್ದದ್ದು ಯಾಕೆ ಅಂತ ನಂಗೂ ಗ್ವತ್ತಿಲ್ಲ ಕಣಮ್ಮ. ಗ್ವತ್ತಿಲ್ದೇ ಇರೋದ್ನ ಬುಟ್ಬುಡಿ ಅನ್ನಕ್ಕೆ ನಾನ್ಯಾರು? ಅಷ್ಟೇ ನಂದು," ಎನ್ನುತ್ತಾರೆ. ದಿನಕ್ಕೆ ಆರು ಟ್ರಿಪ್ಪು. ಟ್ರಿಪ್ಪಿನ ನಡುವೆ ಸರಾಸರಿ ಅರವತ್ತು ಮೆಸೇಜು ಅಳಿಸುವುದು, ಹತ್ತು ಜನಕ್ಕೆ ಫೋನು ಮಾಡಿ ಯಾಕೆ ಅಳಿಸಿದೆ ಎಂದು ಹೇಳುವುದು. ಈ ಕೆಲಸಕ್ಕೆ ಸಂಬಳವಿಲ್ಲ, ಬೈಗುಳವಿದೆ.

ಅವರ ಊರು ಹಲಸಿನದೊಡ್ಡಿ. ಮೊನ್ನೆ ಅಲ್ಲಿ ಒಂದು ಮದುವೆ ಇನ್ನೇನು ನಿಂತೇಹೋಗುವುದರಲ್ಲಿತ್ತು. ತಪ್ಪು ಯಾರದೆಂದು ಕೇಳಿದರೆ ಅವರು ತಮ್ಮ ಎದೆಯನ್ನೇ ಮುಟ್ಟಿ ತೋರಿಸುತ್ತಾರೆ.

ನಮ್ಮ ಕಡೆ ಮಾರಿಹಬ್ಬವನ್ನು ಮೊದಲು ಸಾರಬೇಕು. ತಮಟೆ ಹಿಡಿದವರು ಊರ ಗಡಿ ಸುತ್ತಿ, ನಾಲ್ಕು ಕಡೆ ನಿಂತು, ಹಬ್ಬ ಯಾವತ್ತು ಎಂದು ಕೂಗಿ ಹೇಳುತ್ತಾರೆ. ಸಾರಿದ ಗಳಿಗೆಯಿಂದ ಹಬ್ಬ ಮುಗಿಯುವ ತನಕ ಯಾರ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ, ಮದುವೆಯ ಚಪ್ಪರ ಏಳುವಂತಿಲ್ಲ, ಊರವರು ಹೊರಗಡೆ ರಾತ್ರಿ ತಂಗುವಂತಿಲ್ಲ. ಹಲಸಿನದೊಡ್ಡಿಯಲ್ಲಿ ಈ ಕೆಲಸ ಮರಿಸಿದ್ದಯ್ಯನವರ ಮನೆತನದ್ದು. ಊರಿನ ಕೊನೆಯ ಬೀದಿಯ ಅವರಿಗೆ ಈಗ ಎಪ್ಪತ್ತರ ಹತ್ತಿರ. ಹತ್ತಾರು ವರ್ಷ ಬಿಟ್ಟುಹೋಗಿದ್ದ ಸಾರುವ ಪದ್ಧತಿಯನ್ನು ಬಳಗದವರು ಹೋದ ವರ್ಷ ಮತ್ತೆ ತಂದರು. ಮರಿಸಿದ್ದಯ್ಯ ಸಾರಿದ್ದನ್ನು ಚಲುವರಾಜು ಫೋನಿನಲ್ಲಿ ಹಿಡಿದು ಗುಂಪಿಗೆ ಹಾಕಿದರು. ನಲವತ್ತೆಂಟು ಸೆಕೆಂಡಿನ ಆ ದನಿ ಕೇಳಿ ಮೈಸೂರಿನಲ್ಲಿ ಕೂತ ಊರವರು ಅತ್ತರಂತೆ.

ಅತ್ತರು, ಆದರೆ ಊರಿಗೆ ಬಂದು ಮಲಗಲಿಲ್ಲ. "ನಾವೇನು ಊರಲ್ಲಿ ಕೇಳಿದ್ದೀವಾ, ಫೋನಿನಲ್ಲಿ ತಾನೆ" ಎಂದರು. ಚಲುವರಾಜು ಸಿಟ್ಟಿನಲ್ಲಿ ಅಡ್ಮಿನ್ ತೀರ್ಪು ಬರೆದರು: "ಊರಲ್ಲಿ ಕೇಳಿದರೇನು, ಫೋನಿನಲ್ಲಿ ಕೇಳಿದರೇನು, ಕಿವಿ ಒಂದೇ. ಕೇಳಿದ ಮೇಲೆ ನೇಮ ನೇಮವೇ." ಮುನ್ನೂರಹತ್ತು ಜನ ಹೆಬ್ಬೆರಳು ಒತ್ತಿದರು.

ಈ ವರ್ಷ ಹಬ್ಬಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಅದೇ ಊರಿನ ಶಿವಣ್ಣನವರ ಮಗಳು ನಯನಳಿಗೆ ಕೆರಗೋಡಿನ ಕಡೆಯ ಹುಡುಗ. ಸೈನ್ಯದಲ್ಲಿದ್ದಾನೆ. ಹತ್ತು ದಿನದ ರಜೆ ಹಾಕಿ ಬಂದಿದ್ದ, ತಪ್ಪಿದರೆ ಇನ್ನು ರಜೆ ಬರುವ ವರ್ಷ. ಶನಿವಾರ ಚಪ್ಪರ, ಭಾನುವಾರ ಧಾರೆ. ಅದಕ್ಕೆ ಒಂದು ವಾರ ಮುಂಚೆ, ತಮ್ಮ ಊರು ಎಷ್ಟು ಪದ್ಧತಿಯ ಊರು ಎಂದು ಬೀಗರಿಗೆ ತೋರಿಸುವ ಹುಮ್ಮಸ್ಸಿನಲ್ಲಿ ಶಿವಣ್ಣ ಆ ಹಳೆಯ ದನಿಯನ್ನು ಬೀಗರ ಗುಂಪಿಗೆ ಕಳಿಸಿದರು. ಹೋದ ವರ್ಷದ್ದು ಎಂದು ಬರೆಯಲಿಲ್ಲ.

ಬೀಗರು ಇನ್ನೊಬ್ಬರಿಗೆ ಕಳಿಸಿದರು, ಅವರು ಮತ್ತೊಬ್ಬರಿಗೆ. ಭಾನುವಾರ ಸಂಜೆಗೆ ಅದು ಸುತ್ತಿಕೊಂಡು ಹಲಸಿನದೊಡ್ಡಿಗೇ ವಾಪಸ್ಸು ಬಂತು. ದನಿ ಮರಿಸಿದ್ದಯ್ಯನವರದೇ, ತಮಟೆಯೂ ಅವರದೇ. "ಬರೋ ಮಂಗಳವಾರ ಬುಟ್ಟು ಆಚೆ ಮಂಗಳವಾರ ಮಾರವ್ವನ ಅಬ್ಬ" ಎಂದಿದೆ. ತಾರೀಖಿಲ್ಲ, ಇಸವಿಯಿಲ್ಲ. ಸಾರುವವರು ಎಂದೂ ತಾರೀಖು ಹೇಳಿದವರಲ್ಲ. ಎದುರಿಗೆ ನಿಂತು ಕೇಳುವವರಿಗೆ ಅದು ಬೇಕಿರಲಿಲ್ಲ. ಬರುವ ಮಂಗಳವಾರ ಎಲ್ಲ ವಾರವೂ ಇರುತ್ತದೆ.

ಸೋಮವಾರ ಬೆಳಿಗ್ಗೆ ಹಲಸಿನದೊಡ್ಡಿ ಗೇಟಿನಲ್ಲಿ ಬಸ್ಸು ನಿಂತಾಗ ಪ್ರತಿ ಸೋಮವಾರ ಹತ್ತುವವರಲ್ಲಿ ಅರ್ಧ ಜನವೂ ಇರಲಿಲ್ಲ. ವಾರವಿಡೀ ಹೊರಗಿದ್ದು ದುಡಿಯುವವರು ಊರಲ್ಲೇ ಉಳಿದಿದ್ದರು. ಹತ್ತಿದವರ ಡಬ್ಬಿಯಲ್ಲಿ ಒಗ್ಗರಣೆಯಿಲ್ಲದ ಪಲ್ಯ. "ಇನ್ನೂ ಸಾರಿಲ್ಲ ಕಣ್ರಪ್ಪಾ, ಅದು ಓದೊರ್ಸದ್ದು" ಎಂದು ಚಲುವರಾಜು ಟಿಕೆಟ್ ಹರಿಯುತ್ತಲೇ ಪ್ರತಿ ಸೀಟಿಗೂ ಹೇಳಿದರು. ಯಾರೂ ಇಲ್ಲವೆನ್ನಲಿಲ್ಲ, ನಂಬಲೂ ಇಲ್ಲ.

"ಮನೆಗೋದ್ರೆ ನನ್ ಎಂಡ್ತಿನೇ ವಗ್ಗರಣೆ ಸೌಟು ತೊಳ್ದು ಬೋರಲಾಕವ್ಳೆ. ಯಾಕಮ್ಮಿ ಅಂದ್ರೆ, ಓದೊರ್ಸದ್ದೋ ಈ ವರ್ಸದ್ದೋ, ಕಿವಿಗ್ ಬಿತ್ತಲ್ಲ, ಕಿವಿ ಒಂದೇ ಅಂದೋರು ನೀವೇ ತಾನೆ, ಅಂತಾಳೆ," ಎಂದರು ಚಲುವರಾಜು ನನಗೆ.

ಅದೇ ಊರೆಲ್ಲ ಹಿಡಿದ ಮಾತು. ಕೇಳಿದ್ದು ಕೇಳಿದ ಹಾಗೆಯೇ, ಅಮ್ಮನಿಗೂ ಕೇಳಿಸಿರುತ್ತದೆ, ಈಗ ಚಪ್ಪರ ಹಾಕಿ ಹೆಚ್ಚುಕಮ್ಮಿಯಾದರೆ ಯಾರು ಹೊಣೆ? ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ನಯನಳ ಅಜ್ಜಿ ಪಟ್ಟಲಮ್ಮ. ಬೀಗರ ಕಡೆಯಿಂದಲೂ ಫೋನು ಬಂತು: ನೇಮ ಮುಗಿಯಲಿ, ಮುಂದಿನ ರಜೆಗೆ ನೋಡೋಣ.

ಬುಧವಾರದ ಹೊತ್ತಿಗೆ ಗುಂಪಿನಲ್ಲಿ ಆರುನೂರ ನಲವತ್ತು ಮೆಸೇಜು. ಯಾರೋ ಪುಣ್ಯಾತ್ಮರು ಮತದಾನವನ್ನೂ ಇಟ್ಟರು. ಮದುವೆ ಆಗಲಿ: ಇನ್ನೂರ ಒಂದು. ಬೇಡ: ನೂರ ಎಂಬತ್ತೆಂಟು. ದೇವರಿಗೆ ಬಿಟ್ಟದ್ದು: ಮುನ್ನೂರ ನಲವತ್ತು. ನಯನ ಅದನ್ನು ಅಪ್ಪನ ಫೋನಿನಲ್ಲಿ ನೋಡಿದಳು.

"ನನ್ ಮದ್ವೆಗೆ ಓಟಾಕವ್ರೆ. ನಾನು ಯಾವ್ದಕ್ ಒತ್ಬೇಕು ಅಂತ ಅಪ್ಪುನ್ ಕೇಳ್ದೆ. ಅಪ್ಪ ಫೋನು ಕಿತ್ಕೊಂಡ್ರು," ಎಂದಳು ನನಗೆ. ಅವಳು ನಗಲಿಲ್ಲ.

ಆ ಮೆಸೇಜುಗಳನ್ನೆಲ್ಲ ನಾನು ಚಲುವರಾಜು ಅವರ ಪಕ್ಕ ಕೂತು ಒಂದೊಂದಾಗಿ ಓದಿದ್ದೇನೆ. ನಿಧಾನವಾಗಿ ಓದುವವಳು ನಾನು, ಹಾಗಾಗಿ ಎರಡು ದಿನ ಹಿಡಿಯಿತು. ನೂರಕ್ಕೂ ಹೆಚ್ಚು ಕಡೆ ಮರಿಸಿದ್ದಯ್ಯನವರ ಹೆಸರಿದೆ. ಮರಿಸಿದ್ದಯ್ಯ ಸಾರಿದ ಮೇಲೆ ಮುಗಿಯಿತು, ಮರಿಸಿದ್ದಯ್ಯನ ದನಿ ಸುಳ್ಳಾಗುತ್ತದಾ, ಹೀಗೆ. ಮರಿಸಿದ್ದಯ್ಯನವರನ್ನು ಕೇಳೋಣ ಎಂದು ಒಬ್ಬರೂ ಬರೆದಿಲ್ಲ. ಗುಂಪಿನಲ್ಲಿ ಅವರಿಲ್ಲ. ಅವರದು ಬಟನ್ ಫೋನು. ಅವರ ಮನೆ ಎಷ್ಟು ದೂರ? ಗುಡಿಯಿಂದ ನಡೆದರೆ ಆರು ನಿಮಿಷ.

ಚಲುವರಾಜು ಅವರಿಗೂ ಅದು ಹೊಳೆಯಲಿಲ್ಲ. ಅದನ್ನು ಅವರೇ ಒಪ್ಪುತ್ತಾರೆ. ಹೊಳೆಯುವಂತೆ ಮಾಡಿದ್ದು ಮದ್ದೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗಫಾರ್. ಬಸ್ಸು ಹತ್ತು ನಿಮಿಷ ನಿಲ್ಲುವಾಗ ಅಲ್ಲಿಗೆ ಓಡಿ, ಹರಡಿಹೋದ ದನಿಯನ್ನು ಎಲ್ಲರ ಫೋನಿನಿಂದ ಒಂದೇ ಸಲ ಅಳಿಸಲು ಬರುತ್ತದಾ ಎಂದು ಕೇಳಿದ್ದರು.

"ಆಗಲ್ಲ ಅಣ್ಣ. ನಮ್ಗೂ ಹಿಂಗೇ ಆಗಿತ್ತು. ರಂಜಾನ್ ಚಂದ್ರ ಕಾಣ್ತು ಅಂತ ಹಳೇ ವರ್ಷದ ಮೆಸೇಜು ಬಂದ್ಬಿಟ್ಟು, ನಮ್ ಮಾವ ಬೆಳಿಗ್ಗೇನೇ ಹೊಸ ಬಟ್ಟೆ ಹಾಕೊಂಡು ಬಿರಿಯಾನಿಗೆ ಕೂತಿದ್ರು."

"ಆಮ್ಯಾಕೆ ಏನ್ ಮಾಡುದ್ರಿ?"

"ಏನ್ ಮಾಡೋದು, ಮಸೀದಿಗೆ ಹೋಗಿ ನಮ್ ಗುರುಗಳು ಹಜ್ರತ್‌ನ ಕೇಳಿದ್ವಿ. ಕಂಡಿಲ್ಲ ಅಂದ್ರು. ಮುಗೀತು. ನಿಮ್ಮಲ್ಲಿ ಕೇಳೋಕೆ ಯಾರೂ ಇಲ್ವಾ?"

ಗುರುವಾರ ಚಲುವರಾಜು ಅವರಿಗೆ ವಾರದ ರಜೆ. ಬೆಳಿಗ್ಗೆ ಎದ್ದವರೇ ಕೊನೆಯ ಬೀದಿಗೆ ನಡೆದರು. ಮರಿಸಿದ್ದಯ್ಯನವರ ಬಾಗಿಲಿಗೆ ಇನ್ನೂ ಹತ್ತು ಮಾರು ಇರುವಾಗಲೇ ಮೂಗಿಗೆ ಬಡಿಯಿತು. ಒಳಗೆ ಅವರ ಹೆಂಡತಿ ಮಲ್ಲಿಗಮ್ಮನವರ ಬಾಣಲೆಯಲ್ಲಿ ಸಾಸಿವೆ ಚಟಪಟ ಸಿಡಿಯುತ್ತಿತ್ತು, ಜೊತೆಗೆ ಒಣಮೆಣಸಿನಕಾಯಿ.

ನಾಲ್ಕು ದಿನದಿಂದ ಊರಿನಲ್ಲಿ ಒಗ್ಗರಣೆಯಿಲ್ಲ. ಸಾರಿದರು ಎಂದು ಊರೆಲ್ಲ ಹೇಳುವ ಮರಿಸಿದ್ದಯ್ಯನವರ ಮನೆಯಲ್ಲೇ ಇದೆ.

"ನಮ್ ಬೀದಿ ಐಕ್ಳು ಭಾನ್ವಾರ್ವೇ ಬಂದ್ ಕೇಳುದ್ವು. ನಾನೆಲ್ ಸಾರಿವ್ನಿ ಓಗ್ರಪ್ಪಾ ಅಂದೆ. ಉಂಡು ಮನೀಕಂಡ್ವು," ಎಂದು ಮರಿಸಿದ್ದಯ್ಯ ಆ ಬೆಳಿಗ್ಗೆ ತಾವು ಹೇಳಿದ್ದನ್ನು ನೆನೆಯುತ್ತಾರೆ. "ಸಾರೋನ್ ಮನೆ ವಗ್ಗರಣೆ ಮೊದ್ಲು ನಿಲ್ಬೇಕು. ಒಲೆ ಮ್ಯಾಲಿನ್ ಬಾಂಡ್ಲಿ ಇಳ್ಸಿ ಆಮೇಲೆ ತಮಟೆ ಎತ್ಕೋಬೇಕು. ನನ್ ಕಾಲು ಗಡಿ ಸುತ್ನಿಲ್ಲ ಅಂದ್ರೆ ಅದೆಂಗ್ ಸಾರ್ದಂಗಾಯ್ತು?"

ಹಾಗಿದ್ದರೆ ಮೇಲಿನ ಬೀದಿಗೆ ಬಂದು ಒಂದು ಮಾತು ಹೇಳಬಾರದಿತ್ತೇ ಎಂದು ಚಲುವರಾಜು ಕೇಳಿದರಂತೆ.

"ಯಜಮಾನ್ರು ಯೋಳು ಅಂದಾಗ ಯೋಳೋದು ನನ್ ಕೆಲ್ಸ. ನಾನಾಗೇ ಬಂದು ಯೋಳಂಗಿಲ್ಲ. ಅದೂ ಪದ್ಧತಿನೇ ಅಲ್ವಾ ಕಣಪ್ಪ?"

ಚಲುವರಾಜು ಬಾಣಲೆಯ ವಿಡಿಯೊ ಮಾಡಿ ಗುಂಪಿಗೆ ಹಾಕೋಣವೆಂದು ಫೋನು ತೆಗೆದರು. ಮಲ್ಲಿಗಮ್ಮ ಸೌಟು ಎತ್ತಿ ತಡೆದರು: "ಅದ ಒಳೀಕ್ ಮಡಗಪ್ಪ. ಒಂದ್ಸಲ ಇಡ್ಕಂಡೋಗಿದ್ದು ಸಾಕಾಗ್ನಿಲ್ವಾ?"

ಫೋನು ಜೇಬಿಗೆ ಹೋಯಿತು. ಅವರು ನೇರ ಶಿವಣ್ಣನವರ ಮನೆಗೆ ಬಂದು, ಜಗಲಿಯ ಮೇಲೆ ಕೂತಿದ್ದ ಪಟ್ಟಲಮ್ಮನವರಿಗೆ ಕಂಡದ್ದನ್ನು ಹೇಳಿದರು. ಸಾರುವವರ ಮನೆ ಒಗ್ಗರಣೆ ಮೊದಲು ನಿಲ್ಲಬೇಕೆಂಬುದು ಪಟ್ಟಲಮ್ಮನವರಿಗೆ ಚೆನ್ನಾಗಿ ಗೊತ್ತು. ಆದರೆ ಹೇಳುತ್ತಿರುವವರು ಚಲುವರಾಜು.

"ಲೇ ಚಲುವಾ, ಓದೊರ್ಸ ಒಂದಂದೆ, ಈ ವರ್ಸ ಒಂದಂತೀಯ. ನಿನ್ ಮಾತೂ ಬ್ಯಾಡ, ನಿನ್ ಫೋನೂ ಬ್ಯಾಡ. ನಾನೇ ನೋಡ್ಕಂಡ್ ಬತ್ತೀನಿ ತಡಿ."

ಎಪ್ಪತ್ತೆಂಟು ವರ್ಷದ ಪಟ್ಟಲಮ್ಮ ಕೋಲು ಹಿಡಿದು ಹೊರಟರು. ಆ ಊರಿಗೆ ಮದುವೆಯಾಗಿ ಬಂದು ಅರವತ್ತು ವರ್ಷ. ಕೊನೆಯ ಬೀದಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಮುಂದಿನದನ್ನು ಮಲ್ಲಿಗಮ್ಮ ಹೇಳುತ್ತಾರೆ.

"ಬಾಗ್ಲಲ್ ನಿಂತ್ಕಂಡು ಮೂಸುದ್ರು. ನಾನು ಇನ್ನೊಂದು ಸೌಟು ಕಾಯ್ಸಿ ಆಕ್ದೆ, ಸರ್ಯಾಗ್ ಗೊತ್ತಾಗ್ಲಿ ಅಂತ. ಘಾಟು ಅತ್ಬುಟ್ಟು ಕೆಮ್ಮಿದ್ದೂ ಕೆಮ್ಮಿದ್ದೇ. ನೀರ್ ಕೊಟ್ಟೆ."

ಕುಡಿದರಾ ಎಂದು ಕೇಳಿದೆ.

"ಕೆಮ್ಮು ಬಂದೋರು ಏನ್ ಮಾಡಾರು, ಕುಡುದ್ರು. ಲೋಟ ಕೆಳೀಕ್ ಮಡಗಿ, ಎಷ್ಟ್ ಮೆಣಸಿನಕಾಯಿ ಆಕ್ತೀಯಮ್ಮಿ ನೀನು ಅಂದ್ರು. ಮೊಮ್ಮಗಳ ಮದ್ವೆಗ್ ಬಾ ಅಂದು ಓದ್ರು."

ಶನಿವಾರ ಚಪ್ಪರ ಎದ್ದಿತು. ಭಾನುವಾರ ನಯನಳ ಧಾರೆಯಾಯಿತು. ನಾಲ್ಕನೆಯ ದಿನ ಹುಡುಗ ಕೆಲಸಕ್ಕೆ ವಾಪಸ್ಸು ಹೋದ. ಮಂಡ್ಯದವರೆಗೆ ಅವನ ಟ್ರಂಕನ್ನು ಬಸ್ಸಿನ ಮೇಲೆ ಕಟ್ಟಿದ್ದು ಚಲುವರಾಜು ಅವರೇ.

ಚಪ್ಪರದ ದಿನವೇ ಅವರು ಗುಂಪಿನಲ್ಲಿ ತಮ್ಮ ಹಳೆಯ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡರು: "ಕಿವಿ ಒಂದೇ ಎಂದು ನಾನು ಬರೆದದ್ದು ತಪ್ಪು. ಸಾರುವವರ ಕಾಲು ನಡೆಯದೆ ಅದು ಸಾರಿದ್ದಲ್ಲ. ಮೊದಲೇ ಮರಿಸಿದ್ದಯ್ಯನವರನ್ನು ಕೇಳದೆ ಇದ್ದದ್ದು ಇನ್ನೂ ದೊಡ್ಡ ತಪ್ಪು." ಇದನ್ನು ಓದಿ ನಲವತ್ತೊಂದು ಜನ ಗುಂಪು ಬಿಟ್ಟರು. ಅಡ್ಮಿನ್ ಬದಲಾಗಬೇಕು ಎಂದು ಇಪ್ಪತ್ತು ಜನ ಬರೆದರು. ಯಾರು ಆಗುತ್ತೀರಿ ಎಂದು ಇವರು ಕೇಳಿದ ಮೇಲೆ ಆ ಇಪ್ಪತ್ತೂ ಜನ ಸುಮ್ಮನಾದರು. ಮಾರನೆಯ ಬೆಳಿಗ್ಗೆ ಮತ್ತೆ ಗುಲಾಬಿ ಹೂವು ಬಂತು.

ಈ ತಿಂಗಳ ಕೊನೆಗೆ ಹಬ್ಬ ನಿಜಕ್ಕೂ ಸಾರಲಿದ್ದಾರೆ. ತಾರೀಖು, ಇಸವಿ ಸೇರಿಸಿ ಕೂಗಿದರೆ ಎಲ್ಲರಿಗೂ ಒಳ್ಳೆಯದು ಎಂದು ಚಲುವರಾಜು ಮರಿಸಿದ್ದಯ್ಯನವರನ್ನು ಕೇಳಿಕೊಂಡರು. "ನಮ್ಮಪ್ಪ ಕೂಗ್ದಂಗೆ ಕೂಗ್ತೀನಿ" ಎಂದರಂತೆ ಅವರು. ಪದ್ಧತಿ ಬಳಗದ ಅಡ್ಮಿನ್ ಅದಕ್ಕೆ ಏನು ಹೇಳಬಲ್ಲರು?

ಹಾಗಾಗಿ ಈ ವರ್ಷ ಅವರು ದನಿ ಹಿಡಿಯುವುದಿಲ್ಲ. ಬೇರೆಯವರೂ ಹಿಡಿಯಬಾರದೆಂದು ಬರೆದಿದ್ದಾರೆ. ಮೈಸೂರಿನವರು, ಬೆಂಗಳೂರಿನವರು ಆಗಲೇ ಮುನಿಸಿಕೊಂಡು ಕೇಳುತ್ತಿದ್ದಾರೆ: ಮತ್ತೆ ನಮಗೆ ಕೇಳಿಸುವುದು ಹೇಗೆ?

ಮದ್ದೂರು ದಾಟಿದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಚಲುವರಾಜು ಬಾಗಿಲ ಕಂಬಿಗೆ ಒರಗಿ ಆ ಮೆಸೇಜನ್ನು ನನಗೆ ತೋರಿಸುತ್ತಾರೆ. ಅಳಿಸುವುದಿಲ್ಲ.

"ಬಸ್ಸೈತಲ್ಲ. ಬಂದ್ ಕೇಳ್ಲಿ," ಎನ್ನುತ್ತಾರೆ. "ಮಂಡ್ಯದಲ್ ಅತ್ಕಂಡ್ರೆ ಸಾಕು, ನಿಂತ್ಕಂಡ್ ಬರೋದ್ ಬ್ಯಾಡ. ಸೀಟು ನಾನ್ ಕೊಡುಸ್ತೀನಿ."