ಕೃತಜ್ಞತೆಯ ಪುಟ ಓದಿ ಬಂದ ಜೀಪು

ಹೋದ ವರ್ಷ ಶಿವರಾತ್ರಿ ಕಳೆದ ಮೇಲಿನ ಮಾತು. ನನಗೆ ಡಾಕ್ಟರೇಟ್ ಸಿಕ್ಕಿ ಇನ್ನೂ ಹೊಸತು. ಸಾಗರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸಸ್ಯಶಾಸ್ತ್ರ ಪಾಠ ಮಾಡುತ್ತ, ಮನೆ, ಮಗಳ ಶಾಲೆ, ಪರೀಕ್ಷೆಯ ಪೇಪರು ಎಲ್ಲದರ ನಡುವೆ ಒದ್ದಾಡಿಕೊಂಡು ಬರೆದ ಮಹಾಪ್ರಬಂಧ. ವಿಷಯ ಅಪ್ಪೆಮಿಡಿ. ಉಪ್ಪಿನಕಾಯಿ ಹಾಕುವ ಕಾಡುಮಾವಿನ ಎಳೆಮಿಡಿಯ ಮೇಲೆ ಯಾರಾದರೂ ವರ್ಷಗಟ್ಟಲೆ ಓದುತ್ತಾರೆಯೇ ಎಂದು ನಕ್ಕವರೇ ಹೆಚ್ಚು. "ತಿನ್ನೋದು ಬಿಟ್ಟು ಅದ್ರಲ್ಲಿ ಓದೋದು ಎಂತ ಇದೆಯೇ?" ಎಂದು ನಮ್ಮ ಅತ್ತೆಯೇ ಕೇಳಿದ್ದರು.

ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ನಿಯಮವಿದೆ. ಪದವಿ ಸಿಕ್ಕ ಪ್ರಬಂಧಗಳನ್ನೆಲ್ಲ ಮುಕ್ತ ಆನ್‌ಲೈನ್ ಭಂಡಾರಕ್ಕೆ ಹಾಕುತ್ತಾರೆ. ಕಚೇರಿಯವರು ಅದನ್ನು ರೆಪಾಸಿಟರಿ ಎನ್ನುತ್ತಾರೆ. ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ, ಒಂದು ಪೈಸೆ ಕೊಡದೆ ಓದಬಹುದು. ನನಗಂತೂ ಅದು ಬಹಳ ದೊಡ್ಡ ವಿಷಯ. ದುಡ್ಡು ಕೊಟ್ಟು ಸಂಶೋಧನಾ ಪತ್ರಿಕೆ ತರಿಸುವ ಗ್ರಂಥಾಲಯ ನಮ್ಮ ಹತ್ತಿರದಲ್ಲಿ ಎಲ್ಲಿದೆ? ಅನ್ನಕ್ಕಿಟ್ಟ ಕುಕ್ಕರ್ ಕೂಗುವುದನ್ನು ಕಾಯುತ್ತ, ಯಾರೋ ಎಲ್ಲೋ ಬರೆದು ಹಾಕಿದ ಪ್ರಬಂಧಗಳನ್ನು ಮೊಬೈಲಿನಲ್ಲಿ ಓದಿಯೇ ನಾನು ಕಲಿತದ್ದು. ಹಾಗಾಗಿ ನನ್ನದೂ ಅಲ್ಲಿ ಕಾಣಿಸಿಕೊಂಡ ದಿನ ಖುಷಿ ತಡೆಯಲಾಗಲಿಲ್ಲ. ಗೊತ್ತಿರುವ ವಾಟ್ಸಾಪ್ ಗುಂಪಿಗೆಲ್ಲ ಲಿಂಕ್ ಹಾಕಿದೆ. ಜೊತೆಗೆ ಕೃತಜ್ಞತೆಯ ಪುಟದ ಫೋಟೋವನ್ನೂ ಹಾಕಿದೆ. ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಆ ಪುಟವನ್ನು ಮಾತ್ರ ಹಟ ಹಿಡಿದು ಕನ್ನಡದಲ್ಲಿ ಬರೆದಿದ್ದೆ. ಸಹಾಯ ಮಾಡಿದವರಿಗೆ ಓದಲು ಬಾರದ ಭಾಷೆಯಲ್ಲಿ ಧನ್ಯವಾದ ಹೇಳುವುದು ಎಂಥ ಧನ್ಯವಾದ?

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಒಳ್ಳೆಯ ಅಪ್ಪೆಮರ ಎಲ್ಲಿದೆ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ಮಗಳನ್ನು ಕೊಟ್ಟ ಮನೆಗೂ ಬುಟ್ಟಿ ತುಂಬ ಮಿಡಿ ಕಳಿಸುತ್ತಾರೆ, ಮರದ ದಾರಿ ಕೇಳಿದರೆ ಮಾತು ಬದಲಿಸುತ್ತಾರೆ. ಜಿಪುಣತನವಲ್ಲ ಅದು, ಹೆದರಿಕೆ. ಮಿಡಿ ಕೊಯ್ಯುವ ಸರಿಯಾದ ಕ್ರಮವೆಂದರೆ ಮರ ಹತ್ತಿ, ತೊಟ್ಟು ಸಮೇತ ಬಿಡಿಸಿ, ಬುಟ್ಟಿಗೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಸುವುದು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಜಾಡಿಯಲ್ಲಿ ಕೊಳೆಯುತ್ತದೆ. ಅಷ್ಟು ಪುರುಸೊತ್ತು ಎಲ್ಲರಿಗೂ ಎಲ್ಲಿದೆ? ಕೆಲವರು ಕೊಂಬೆಗೆ ಕೊಂಬೆಯನ್ನೇ ಕಡಿದು, ನೆರಳಲ್ಲಿ ಕೂತು ಬಿಡಿಸಿಕೊಂಡು ಹೋಗುತ್ತಾರೆ.

ಇದೆಲ್ಲ ಗೊತ್ತಿದ್ದೇ ನಾನು ಮರಗಳಿರುವ ಜಾಗದ ಪಟ್ಟಿಯನ್ನು ಸಾರ್ವಜನಿಕ ಪ್ರತಿಯಿಂದ ತೆಗೆಸಿದ್ದೆ. ಗೈಡ್ ಒಪ್ಪಿದ್ದರು, ಕಚೇರಿಯವರೂ ಒಪ್ಪಿದ್ದರು. ಆ ಪುಟದಲ್ಲಿ 'ಸ್ಥಳದ ವಿವರ ಪ್ರಕಟಿಸಿಲ್ಲ' ಎಂಬ ಸಾಲು ಮಾತ್ರ ಉಳಿದಿತ್ತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಆ ದಿನ ಬೆಳಗಿನ ಕ್ಲಾಸು ಮುಗಿಸಿ ಸ್ಟಾಫ್ ರೂಮಿಗೆ ಬಂದಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಮೇಡಂ, ನಾನು ಶ್ರೀಧರ ಅಂತ, ಮಿಡಿ ವ್ಯಾಪಾರ ಮಾಡೋನು. ವಾಟ್ಸಾಪ್ ಗುಂಪಲ್ಲಿ ನಿಮ್ಮ ಥೀಸಿಸ್ ನೋಡ್ದೆ, ನಂಬರೂ ಅಲ್ಲೇ ಸಿಕ್ತು. ಭಾರಿ ಚೆನ್ನಾಗಿ ಬರ್ದಿದೀರಿ."

ನಾನು ಉಬ್ಬಿಹೋದೆ. "ಅಯ್ಯೋ, ಥ್ಯಾಂಕ್ಸ್ ರೀ" ಎಂದೆ.

"ಈಗ ಹುಂಚದ ಹತ್ರ ಇದೀವಿ. ಪದ್ಮಾವತಮ್ಮನ ಮನೆಗೆ ಯಾವ ಕಡೆ ತಿರುಗ್ಬೇಕು ಮೇಡಂ?"

ಪದ್ಮಾವತಮ್ಮ ಎಂದರೆ ಹುಂಚದಿಂದ ಸ್ವಲ್ಪ ಒಳಗೆ, ಒಂದು ಜೈನ ಮನೆತನದ ಹಿರಿಯರು. ನಾನು ನೋಡಿದ ಮರಗಳಲ್ಲೆಲ್ಲ ಅತಿ ಪರಿಮಳದ ಮಿಡಿ ಬಿಡುವುದು ಅವರ ಮರದಲ್ಲಿ. 'ಯಾರಿಗೂ ಹೇಳೂದಿಲ್ಲ ಅಂತ ಮಾತು ಕೊಡು' ಎಂದು ಕೈಮೇಲೆ ಕೈ ಹಾಕಿಸಿಕೊಂಡೇ ಅವರು ಮರ ತೋರಿಸಿದ್ದು. ಇವನಿಗೆ ಆ ಹೆಸರು ಎಲ್ಲಿಂದ ಸಿಕ್ಕಿತು?

"ಅವ್ರು ಊರಲ್ಲಿಲ್ಲ. ಮೇಳಿಗೆಲಿ ನೆಂಟರ ಮನೆಗೆ ಹೋಗಿದಾರೆ" ಎಂದು ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟೆ.

"ಪರ್ವಾಗಿಲ್ಲ ಮೇಡಂ, ಅಲ್ಲೇ ಯಾರನ್ನಾದ್ರೂ ಕೇಳ್ತೀವಿ" ಎಂದು ಫೋನ್ ಇಟ್ಟ.

ಪದ್ಮಾವತಮ್ಮನಿಗೆ ಫೋನ್ ಮಾಡಿದೆ. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಮಾತಾಡಬೇಕೆಂದರೆ ರಸ್ತೆಯ ಹತ್ತಿರದ ಕಟ್ಟೆಗೆ ಬರಬೇಕು. ರಿಪ್ಪನ್‌ಪೇಟೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡಿರುವ ಅವರ ಮಗನಿಗೆ ಮಾಡಿದೆ. ಫೋನ್ ಹೊಡೆದುಕೊಂಡೇ ಹೋಯಿತು, ಎತ್ತಲಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಮಾಡಿದೆ. "ಸಾರ್, ದಯವಿಟ್ಟು ಇವತ್ತೊಂದು ದಿನ ನನ್ನ ಪ್ರಬಂಧ ಕೆಳಗಿಳಿಸಿ" ಎಂದು ಅಂಗಲಾಚಿದೆ.

ಆ ಕಡೆಯವರು ಪಾಪ, ಒಳ್ಳೆಯವರೇ. "ಮೇಡಂ, ಹಾಕೋಕಾದ್ರೆ ಒಂದು ಬಟನ್ ಸಾಕು. ತೆಗೀಬೇಕು ಅಂದ್ರೆ ಸಮಿತಿ ಕೂರಬೇಕು. ಅಷ್ಟಕ್ಕೂ ಎಲ್ಲರೂ ನೋಡ್ಲಿ ಅಂತಾನೇ ಅಲ್ವಾ ಹಾಕೋದು?" ಎಂದರು.

ಕೂತಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನದ ಕ್ಲಾಸನ್ನು ಸಹೋದ್ಯೋಗಿಯ ತಲೆಗೆ ಕಟ್ಟಿ ಬಸ್‌ಸ್ಟ್ಯಾಂಡಿಗೆ ಓಡಿದೆ. ಮಗಳನ್ನು ಶಾಲೆಯಿಂದ ಕರೆತನ್ನಿ ಎಂದು ಗಂಡನಿಗೆ ಫೋನ್ ಮಾಡಿದರೆ, "ಮರಕ್ಕೇನು ಕಾಲಿದ್ಯಾ ಓಡಿಹೋಗೋಕೆ? ಭಾನುವಾರ ಹೋದ್ರಾಯ್ತು" ಎಂದರು.

"ಮರಕ್ಕೆ ಇಲ್ಲ, ಕತ್ತಿ ಹಿಡಿದವರಿಗೆ ಇದೆಯಲ್ಲ!" ಎಂದು ರೇಗಿದೆ.

ರಿಪ್ಪನ್‌ಪೇಟೆಯವರೆಗೆ ಒಂದು ಬಸ್ಸು, ಅಲ್ಲಿಂದ ಹುಂಚಕ್ಕೆ ಇನ್ನೊಂದು. ಆನಂದಪುರದಲ್ಲಿ ಡ್ರೈವರ್ ಇಳಿದು ಟೀ ಕುಡಿಯಲು ಹೋದವನು ಬರಲೇ ಇಲ್ಲ. ನಾನು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. "ಹೆರಿಗೆ ಕೇಸಾ ಅಕ್ಕಾ? ಇಷ್ಟು ಗಡಿಬಿಡಿ ಮಾಡ್ತಿದೀರಿ" ಎಂದ ಕಂಡಕ್ಟರ್. "ಹಂಗೇ ಅಂದ್ಕಳಿ, ಮೊದ್ಲು ಬಸ್ ಬಿಡ್ಸಿ" ಎಂದೆ. ಸುತ್ತಲಿನವರು ನಕ್ಕರು. ನನಗೆ ಅಳು ಬರುವಂತಿತ್ತು.

ಬಸ್ಸು ಹೊರಟ ಮೇಲೆ ಮೊಬೈಲಿನಲ್ಲಿ ನನ್ನದೇ ಪ್ರಬಂಧವನ್ನು ಇಳಿಸಿಕೊಂಡು ನೋಡತೊಡಗಿದೆ. ಕಚೇರಿಯವರು ಎಡವಟ್ಟು ಮಾಡಿ ಜಾಗದ ಪಟ್ಟಿಯನ್ನೂ ಹಾಕಿರಬೇಕು ಎಂಬುದು ನನ್ನ ಅನುಮಾನ. ಇಲ್ಲ, ಆ ಪುಟ ನಾನು ಹೇಳಿದಂತೆಯೇ ಖಾಲಿ ಇತ್ತು. ನಕ್ಷೆಗಳಲ್ಲಿ ತಾಲ್ಲೂಕಿನ ಗಡಿ ಬಿಟ್ಟರೆ ಏನೂ ಇಲ್ಲ. ಮತ್ತೆ ಹೇಗೆ? ಹಿಂದಕ್ಕೆ ಹೋಗುತ್ತ ಹೋಗುತ್ತ ಮೊದಲ ಪುಟಗಳಿಗೆ ಬಂದೆ. ಅಲ್ಲಿತ್ತು, ಚಂದದ ಕನ್ನಡದಲ್ಲಿ:

'ಹುಂಚದ ಪದ್ಮಾವತಮ್ಮನವರು ಹೋದಾಗಲೆಲ್ಲ ಊಟ ಹಾಕಿ, ಮನೆಯ ಹಿಂದಿನ ಹಳ್ಳ ದಾಟಿಸಿ, ಬಿದಿರುಮೆಳೆಯ ಪಕ್ಕದ ಆ ಅಪರೂಪದ ಮರದವರೆಗೂ ಕೈಹಿಡಿದು ಕರೆದೊಯ್ದರು. ಅಂಥ ಪರಿಮಳದ ಮಿಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರ ಋಣ ದೊಡ್ಡದು.'

ಪಟ್ಟಿಗೆ ಬೀಗ ಹಾಕಿ, ಧನ್ಯವಾದ ಹೇಳುವ ಭರದಲ್ಲಿ ದಾರಿಯನ್ನೇ ಬರೆದುಕೊಟ್ಟಿದ್ದೆ. ಯಾರನ್ನು ಬೈಯುವುದು? ಹುಂಚದವರೆಗೂ ನನ್ನನ್ನು ನಾನೇ ಬೈದುಕೊಂಡೆ.

ಹುಂಚದಲ್ಲಿ ಇಳಿದು ಆಟೋ ಹಿಡಿದು ಹೋದರೆ, ಮನೆಯ ಮುಂದೆ ಜೀಪು ನಿಂತಿತ್ತು. ಮನೆಯಲ್ಲಿ ಯಾರೂ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳ ದಾಟುವಾಗಲೇ ಗರಗಸದ ಸದ್ದು ಕೇಳಿಸಿತು. ಹೋಗಿ ನೋಡುತ್ತೇನೆ, ಒಂದು ದೊಡ್ಡ ಕೊಂಬೆ ಆಗಲೇ ನೆಲದ ಮೇಲಿದೆ. ಕಡಿದಲ್ಲಿ ಸೊನೆ ಇಳಿಯುತ್ತಿದೆ. ಸುತ್ತೆಲ್ಲ ಅದೇ ಪರಿಮಳ. ಇಬ್ಬರು ಕೂತು ಮಿಡಿ ಬಿಡಿಸುತ್ತಿದ್ದಾರೆ, ಮತ್ತೊಬ್ಬ ಮೇಲೆ ಎರಡನೇ ಕೊಂಬೆಗೆ ಗರಗಸ ಇಟ್ಟಿದ್ದಾನೆ. ಪದ್ಮಾವತಮ್ಮ ಅವರಿಗೆ ಮಜ್ಜಿಗೆ ಬಗ್ಗಿಸಿ ಕೊಡುತ್ತಿದ್ದಾರೆ!

"ಓ, ನೀನೂ ಬಂದ್ಯನಾ? ನಿನ್ನ ಕಡೆಯವ್ರಿಗೆ ಊಟ ಮಾಡಿ ಅಂದ್ರೆ ಮಜ್ಜಿಗೆ ಸಾಕು ಅಂತಾರೆ ಮಾರಾಯ್ತಿ" ಎಂದರು.

"ನನ್ನ ಕಡೆಯವ್ರಾ? ಇವ್ರು ಯಾರಂತಾನೇ ನಂಗೊತ್ತಿಲ್ಲ ಅಮ್ಮಾ! ನಿಲ್ಸಿ, ನಿಲ್ಸಿ ಅದನ್ನ!" ಎಂದು ಕಿರುಚಿದೆ. ಮೇಲಿದ್ದವನು ಗರಗಸ ನಿಲ್ಲಿಸಿ ಕೆಳಗೆ ನೋಡಿದ.

ಫೋನ್ ಮಾಡಿದ್ದ ಶ್ರೀಧರ ಎದ್ದು ಬಂದ. ಮೂವತ್ತೈದರ ಆಸುಪಾಸಿನ, ಮೆತ್ತಗಿನ ಮಾತಿನ ಮನುಷ್ಯ. "ಮೇಡಂ, ಸಿಟ್ಟಾಗ್ಬೇಡಿ. ನಾವು ಕದಿಯೋಕೆ ಬಂದೋರಲ್ಲ. ಕೇಳ್ಕೊಂಡು ಸುತ್ತಿ ಮನೆ ಸಿಗೋದ್ರೊಳಗೆ ಮಧ್ಯಾಹ್ನ ಆಯ್ತು. ಮೇಡಂ ಬರ್ದಿದಾರೆ ಅಂತ ಪುಟ ತೋರ್ಸಿ ಓದಿ ಹೇಳ್ದೆ, ಅಮ್ಮನೇ ಕರ್ಕೊಂಡ್ ಬಂದ್ರು. ನೀವೇ ಅಲ್ವಾ ಎಲ್ಲರಿಗೂ ಅಂತ ಹಾಕಿದ್ದು?"

"ಓದೋಕೆ ಹಾಕಿದ್ದು ಕಣ್ರೀ, ಕಡಿಯೋಕಲ್ಲ!"

"ಓದಿಯೇ ಬಂದಿದ್ದು ಮೇಡಂ" ಎಂದ. ಅದರಲ್ಲಿ ವ್ಯಂಗ್ಯ ಇರಲಿಲ್ಲ.

ಪದ್ಮಾವತಮ್ಮ ಮಜ್ಜಿಗೆ ತಂಬಿಗೆ ಕೆಳಗಿಟ್ಟರು. "ಹಂಗಾರೆ ನೀನು ಕಳ್ಸಿದ್ದಲ್ಲನಾ?"

"ಅಲ್ಲಮ್ಮಾ, ದೇವ್ರಾಣೆ ಅಲ್ಲ."

ಅವರು ಬಿದ್ದ ಕೊಂಬೆಯನ್ನು ನೋಡಿದರು. "ನಿನ್ನ ಹೆಸ್ರು ಹೇಳಿದ್ರು. ನೀನು ಕಳ್ಸಿದವ್ರಿಗೆ ಬ್ಯಾಡ ಅನ್ನದು ಹೆಂಗೆ ಅಂತ ದುಡ್ಡೂ ಕೇಳ್ಲಿಲ್ಲ ನಾನು" ಎಂದರು. ಆಮೇಲೆ ಮೇಲಕ್ಕೆ ನೋಡಿ ಅಂದರು: "ತಮ್ಮಾ, ಇಳಿ ಕೆಳಗೆ."

"ಅಮ್ಮಾ, ಇದೊಂದು ಕೊಂಬೆ ಆದ್ರೆ ಹೋಗ್ತೀವಿ" ಎಂದ ಶ್ರೀಧರ.

"ಹಸಿ ಮರ ಕಡಿತೀರಿ ಅಂತ ಗೊತ್ತಿದ್ರೆ ಹಳ್ಳಾನೇ ದಾಟಿಸ್ತಿರ್ಲಿಲ್ಲ. ಮಿಡಿ ಕೊಯ್ತೀವಿ ಅಂದ್ರಿ, ಹೂಂ ಅಂದೆ. ನಾನು ಮನೆಗೆ ಹೋಗಿ ಮಜ್ಜಿಗೆ ತರೂದ್ರೊಳಗೆ ಕೊಂಬೆ ಕೆಳಗಿತ್ತು. ನೆಂಟರ ಹತ್ರ ಜಗಳ ಆಡದು ಹೆಂಗೆ ಅಂತ ಸುಮ್ನಿದ್ದೆ. ಈಗ ನೆಂಟರಲ್ಲ ಅಂತ ಗೊತ್ತಾತಲ್ಲ? ಬಿದ್ದಿದ್ದು ತಗಂಡು ಹೋಗಿ. ಇನ್ನೊಂದು ಎಲೆ ಮುಟ್ಟಿದ್ರೆ ಊರು ಕೂಡಿಸ್ತೀನಿ."

ಧ್ವನಿ ಏರಲಿಲ್ಲ. ಆದರೆ ಮೇಲಿದ್ದವನು ಇಳಿದ. ಮಿಡಿ ಚೀಲಕ್ಕೆ ತುಂಬಿಕೊಂಡು ಅವರು ಹೊರಟರು. ಹೋಗುವಾಗ ಶ್ರೀಧರ ಉಳಿದ ಮಜ್ಜಿಗೆ ಕುಡಿದು ಲೋಟ ತೊಳೆದಿಟ್ಟು ಹೋದ, ಅದೂ ನೆನಪಿದೆ.

ನಾನು ಅಲ್ಲೇ ಕೂತು ಅತ್ತೆ. ನಾಚಿಕೆ, ಸಿಟ್ಟು, ಸುಸ್ತು ಎಲ್ಲ ಸೇರಿ ಬಂದ ಅಳು. "ಹೋಗ್ಲಿ ಬಿಡು, ಒಂದು ಕೈ ಹೋತು, ಮರ ಉಳೀತಲ್ಲ" ಎಂದು ಅವರೇ ಸಮಾಧಾನ ಮಾಡಿದರು. ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ಅವರ ಮನೆಯಲ್ಲಿ ಊಟ. ನನ್ನನ್ನೂ ಎಬ್ಬಿಸಿಕೊಂಡು ಹೋಗಿ ಬಡಿಸಿದರು. "ನಾಳೆನೇ ಅರ್ಜಿ ಕೊಡ್ತೀನಿ ಅಮ್ಮಾ. ನಿಮ್ಮ ಹೆಸರು, ಊರು ಎಲ್ಲ ತೆಗೆಸಿಬಿಡ್ತೀನಿ" ಎಂದೆ.

ಸಾರು ಬಡಿಸುತ್ತಿದ್ದವರು ಸೌಟು ಹಿಡಿದೇ ನಿಂತರು. "ಹೆಸ್ರು ಎಂತಕ್ಕೆ ತೆಗಿತಿ?"

"ಇಲ್ಲಾಂದ್ರೆ ಮತ್ತೆ ಯಾರಾದ್ರೂ ಹುಡುಕ್ಕೊಂಡ್ ಬರ್ತಾರಲ್ಲ."

"ಹಳ್ಳ ತೆಗಿ, ಬಿದಿರುಮೆಳೆ ತೆಗಿ, ಊರೂ ತೆಗಿ. ಹೆಸ್ರು ಇರ್ಲಿ. ಹುಂಚದ ದೇವಿ ಹೆಸ್ರು ಅದು, ಈ ಸೀಮೇಲಿ ಪದ್ಮಾವತೀ ಅಂತ ಕೂಗಿದ್ರೆ ಮನೆಗೊಬ್ರು ಓ ಅಂತಾರೆ. ಯಾವ ಪದ್ಮಾವತಿ ಅಂತ ಹುಡುಕ್ತಾರೆ?" ಎಂದರು. ಸಾರು ಬಡಿಸಿ, "ಆ ಹುಡ್ಗ ಓದಿ ಹೇಳಿದ್ನಲ್ಲ, ಚಂದ ಇತ್ತು. ರೇಷನ್ ಕಾರ್ಡ್ ಬಿಟ್ರೆ ನನ್ನ ಹೆಸ್ರು ಎಲ್ಲಿ ಅಚ್ಚಾಗಿದೆ ಹೇಳು? ಇನ್ನೊಂದ್ಸಲ ಓದು, ನಿನ್ನ ಬಾಯಲ್ಲಿ ಕೇಳ್ತೀನಿ" ಎಂದರು.

ಎಡಗೈಯಲ್ಲಿ ಮೊಬೈಲ್ ಹಿಡಿದು ಓದಿದೆ. ಅವರು ನೆಟ್ಟಗೆ ಕೂತು, ಮಕ್ಕಳು ಕತೆ ಕೇಳುವ ಹಾಗೆ ಕೇಳಿದರು.

ಸಮಿತಿ ಕೂತು, ಪುಟ ಬದಲಾಗಲು ಬೇಸಿಗೆ ಕಳೆಯಿತು. ಈಗ ಅಲ್ಲಿ 'ಪದ್ಮಾವತಮ್ಮನವರಿಗೆ' ಎಂದಷ್ಟೇ ಇದೆ. ಆದರೆ ಅಷ್ಟರೊಳಗೆ ಇಳಿಸಿಕೊಂಡ ಹಳೆಯ ಪ್ರತಿಗಳು ಯಾರ ಯಾರ ಮೊಬೈಲಿನಲ್ಲಿವೆಯೋ, ಅವನ್ನು ವಾಪಸ್ ಕರೆಯುವ ದಾರಿ ಯಾರ ಹತ್ತಿರವೂ ಇಲ್ಲ. ಪ್ರಬಂಧವನ್ನು ಎಲ್ಲರಿಗೂ ತೆರೆದಿಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಎಲ್ಲೋ ದೂರದ ವಿದ್ಯಾರ್ಥಿಯೊಬ್ಬಳು ಓದಿ, ಅನುಮಾನ ಕೇಳಿ ಮೆಸೇಜ್ ಮಾಡಿದಾಗ ಹಿಗ್ಗುತ್ತೇನೆ. ಆದರೂ ಈ ವರ್ಷ ಮಿಡಿಯ ಕಾಲ ಶುರುವಾದಾಗಿನಿಂದ ಗೊತ್ತಿಲ್ಲದ ನಂಬರ್ ಕಂಡರೆ ಮತ್ತೊಬ್ಬ ಶ್ರೀಧರನಿರಬಹುದೇ ಎಂದು ಹೆದರುತ್ತೇನೆ.

ಪದ್ಮಾವತಮ್ಮ ಆಗಾಗ ಕಟ್ಟೆಯ ಹತ್ತಿರ ಬಂದು ಫೋನ್ ಮಾಡುತ್ತಾರೆ. ಮರ ಹೇಗಿದೆ ಅಮ್ಮಾ ಎಂದು ನಾನು ಕೇಳಬೇಕು, ಅಷ್ಟರಲ್ಲಿ ಅವರೇ ಕೇಳಿಬಿಡುತ್ತಾರೆ: "ನನ್ನ ಹೆಸ್ರು ಇದ್ಯನಾ ಅಲ್ಲಿ, ಇನ್ನೂ?"

"ಇದೆ ಅಮ್ಮಾ" ಎನ್ನುತ್ತೇನೆ.