ಸವಣೂರಿಗೆ ಒಯ್ದ ಬುಟ್ಟಿ

ಆ ದಿನ ಬೆಳಿಗ್ಗೆ ಕೆಂಚ ಬುಟ್ಟಿಯಿಂದ ಹೊರಗೆ ಬರಲಿಲ್ಲ.

ಆಷಾಢದ ಮಳೆ ಹಿಡಿದಿತ್ತು. ನಾನು ಶಾಲೆಗೆ ಹೊರಡುವ ಅವಸರದಲ್ಲಿದ್ದೆ. ಬುಟ್ಟಿಯನ್ನು ಓರೆ ಮಾಡಿ ಒಳಗೆ ಕೈ ಹಾಕಿದೆ. ಕೈ ಹಿಂಗಾಲಿಗೆ ತಾಕಿದ್ದೇ ತಡ, ಅದು ಚೀರಿತು. ಹಾಗೆ ಅದು ಎಂದೂ ಚೀರಿರಲಿಲ್ಲ. ಮಳೆಯ ಥಂಡಿ ಇರಬೇಕು ಅಂದುಕೊಂಡು ಹಳೆಯ ಸೀರೆಯ ತುಂಡು ಹೊದಿಸಿ ಹೋದೆ.

ಕೆಂಚ, ಬೆಳ್ಳಿ ಎರಡೂ ಗಿನಿಪಿಗ್‌ಗಳು. ನಮ್ಮ ಹಾನಗಲ್ಲಿನಲ್ಲಿ ಅಂಥ ಪ್ರಾಣಿಯನ್ನು ಯಾರೂ ಕಂಡಿರಲಿಲ್ಲ. ಇಲಿಗಿಂತ ದೊಡ್ಡದು, ಮೊಲಕ್ಕಿಂತ ಸಣ್ಣದು, ಬಾಲವಿಲ್ಲ. ನನ್ನ ತಮ್ಮ ಸೀನು ಪುಣೆಯ ಒಂದು ಲ್ಯಾಬೊರೇಟರಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಔಷಧಗಳನ್ನು ಮೊದಲು ಇವುಗಳ ಮೇಲೆ ಪರೀಕ್ಷಿಸುತ್ತಿದ್ದರಂತೆ. ಯಾವುದೋ ಪರೀಕ್ಷೆ ಅರ್ಧಕ್ಕೆ ನಿಂತು ಇವೆರಡು ಉಳಿದಿದ್ದವು. ಯುಗಾದಿಗೆ ಬಂದಾಗ ಬುಟ್ಟಿಯಲ್ಲಿ ತಂದ. ಹೋಗುವಾಗ ಒಂದೇ ಮಾತು ಹೇಳಿದ: “ಅಕ್ಕಾ, ಒದ್ದಿ ಹುಲ್ಲು ಮಾತ್ರ ಹಾಕಬ್ಯಾಡ. ಹೊಟ್ಟಿ ಉಬ್ಬಿ ಸಾಯ್ತಾವ.”

ಮನೆಯಲ್ಲಿ ನಾವು ಮೂವರು. ಅಪ್ಪ, ಅವರ ವಿಧವೆ ತಂಗಿ ಗಂಗತ್ತೆ, ನಾನು. ನಾನೂ ವಿಧವೆಯೇ. ಹಿರೇಕೆರೂರಿನ ಗಂಡನ ಮನೆಯಿಂದ ಮರಳಿ ಬಂದ ಮೇಲೆ ಅಪ್ಪ ನನ್ನ ತಲೆ ಬೋಳಿಸಗೊಡಲಿಲ್ಲ. ಧಾರವಾಡಕ್ಕೆ ಕಳಿಸಿ ಟ್ರೇನಿಂಗ್ ಮಾಡಿಸಿದರು. ಅಂದಿನಿಂದ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೇನೆ. ಅಪ್ಪ ಶಾಸ್ತ್ರ ಓದಿಸಿದವರು. ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಓದುವುದು ನಿಂತಿತು, ವಿದ್ಯಾರ್ಥಿಗಳು ಬರುವುದೂ ನಿಂತಿತು. ಪಡಸಾಲೆಯ ತೂಗುಮಣೆಯ ಮೇಲೆ ದಿನವಿಡೀ ಸುಮ್ಮನೆ ಕೂರುತ್ತಿದ್ದರು.

ಅವರ ಕೆಮ್ಮು ಕೇಳಿದರೆ ಈ ಪ್ರಾಣಿಗಳು ಸಿಳ್ಳೆಯಂಥ ದನಿಯಲ್ಲಿ ಕೂಗುತ್ತಿದ್ದವು. ಮೊದಲು ಅಪ್ಪನಿಗೆ ಬೇಸರವಾಯಿತು. ಆಮೇಲೆ ಕೂಗದಿದ್ದರೆ ಯಾಕೆಂದು ಕೇಳತೊಡಗಿದರು. ಒಂದು ದಿನ ನಾನು ಶಾಲೆಯಿಂದ ಬಂದಾಗ ಅಪ್ಪ ಬುಟ್ಟಿಯ ಕಡೆ ಮುಖ ಮಾಡಿ ಯಾವುದೋ ಶ್ಲೋಕದ ಅರ್ಥ ಬಿಡಿಸಿ ಹೇಳುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಪಾಠ ಮುಗಿಯುವವರೆಗೆ ಒಳಗೆ ಹೋಗಲಿಲ್ಲ.

ಗಂಗತ್ತೆ ಮಾತ್ರ ಅವುಗಳನ್ನು ‘ಪುಣೆ ಇಲಿ’ ಎನ್ನುತ್ತಿದ್ದಳು. ಮಡಿಯಲ್ಲಿದ್ದಾಗ ಬುಟ್ಟಿಯ ಕಡೆ ಸುಳಿಯುತ್ತಿರಲಿಲ್ಲ. ಆದರೂ ಕಾಯಿಪಲ್ಲೆ ಹೆಚ್ಚಿದ ಮೇಲೆ ಸಿಪ್ಪೆ, ದೇಟುಗಳನ್ನು ಹೊಸ್ತಿಲ ಮೇಲೆ ಇಟ್ಟಿರುತ್ತಿದ್ದಳು. ನಾನು ತೆಗೆದು ಹಾಕುತ್ತಿದ್ದೆ. ಅವುಗಳ ಊಟ ಹೀಗೆ ನಡೆದಿತ್ತು.

ಆಷಾಢದ ಏಕಾದಶಿ ಆಯಿತು. ಚಾತುರ್ಮಾಸ್ಯದ ಮೊದಲ ತಿಂಗಳು ನಮ್ಮಲ್ಲಿ ಶಾಕವ್ರತ. ಸೊಪ್ಪು, ಕಾಯಿಪಲ್ಲೆ, ಹಣ್ಣು ಯಾವುದೂ ಮನೆಯೊಳಗೆ ಬರುವುದಿಲ್ಲ. ಹಸಿಮೆಣಸಿನಕಾಯಿ ಇಲ್ಲ, ಹುಣಸೆ ಇಲ್ಲ, ನಿಂಬೆ ಇಲ್ಲ. ಬೇಳೆ, ಅಕ್ಕಿ, ಮೆಣಸು, ಮೊಸರಿನಲ್ಲೇ ತಿಂಗಳು ಕಳೆಯಬೇಕು. ಹೊಸ್ತಿಲ ಮೇಲೆ ಸಿಪ್ಪೆ ಇರಲಿಲ್ಲ. ಹೊರಗೆ ಎಲ್ಲಿ ನೋಡಿದರೂ ಹುಲ್ಲು, ಎಲ್ಲವೂ ತೋಯ್ದದ್ದು. ಸೀನುವಿನ ಮಾತು ನೆನಪಿತ್ತು. ಒಣಹುಲ್ಲು, ಜೋಳ, ನೆನೆಸಿದ ಕಡಲೆ ಹಾಕಿದೆ. ತಿನ್ನುತ್ತಿದ್ದವು. ನನಗೆ ಸಂಶಯ ಬರಲಿಲ್ಲ.

ಚೀರಿದ ಆ ದಿನದಿಂದ ಕೆಂಚ ಹಿಂಗಾಲು ಎಳೆಯತೊಡಗಿತು. ಆಮೇಲೆ ಕಡಲೆ ಬಿಟ್ಟಿತು. ಮೈಕೂದಲು ಒರಟಾಗಿ ನಿಂತಿತು. ಬಾಯಿಯ ಸುತ್ತ ಕೆಂಪಗಿತ್ತು. ಜೋಳ ಚುಚ್ಚಿರಬೇಕೆಂದು ನುಚ್ಚು ಮಾಡಿ ಕೊಟ್ಟೆ. ಮೂಸಿ ಮುಖ ತಿರುಗಿಸಿತು.

ಶನಿವಾರ ಶಾಲೆಯಿಂದ ಬಂದಾಗ ಅದು ಸತ್ತಿತ್ತು.

ಹಿತ್ತಲಲ್ಲಿ ಬಾಳೆಯ ಬುಡಕ್ಕೆ ಹೂಳಿದೆ. ಅಪ್ಪ ಆ ಸಂಜೆ ಬೇಗ ಒಳಗೆ ಹೋಗಿ ಮಲಗಿದರು. ಎರಡು ದಿನ ಬಿಟ್ಟು ಬೆಳ್ಳಿ ಹಿಂಗಾಲು ಎಳೆಯಿತು.

ದನದ ದವಾಖಾನೆಗೆ ಬುಟ್ಟಿ ಹೊತ್ತುಕೊಂಡು ಹೋದೆ. ಡಾಕ್ಟರು ಹಳ್ಳಿಗಳ ಮೇಲೆ ಹೋಗಿದ್ದರು, ದನಗಳ ದೊಡ್ಡ ಬೇನೆಗೆ ಲಸಿಕೆ ಹಾಕಲು. ಯಾವಾಗ ಬರುತ್ತಾರೆಂದು ಗೊತ್ತಿರಲಿಲ್ಲ. ಕಂಪೌಂಡರ್ ಮುಚ್ಚಳ ಸರಿಸಿ ನೋಡಿದ.

“ಹೊಟ್ಟಿ ಕಟ್ಟಿರಬೇಕ್ರಿ. ಕರುವಿಗೆ ಕೊಡೋ ಔಷಧ ಐತಿ. ಅದರಾಗ ಸ್ವಲ್ಪ ಕೊಡ್ತೇನ್ರಿ.”

“ಇಂಥಾ ಪ್ರಾಣಿಗೆ ಕೊಟ್ಟು ನೋಡೀರೇನು?”

“ಇಲ್ರಿ. ಇಂಥಾದ್ದನ್ನ ನೋಡಿದ್ದ ಇವತ್ತ.”

ಅವನು ಸುಳ್ಳು ಹೇಳಲಿಲ್ಲ, ಅಷ್ಟು ಉಪಕಾರ. ಔಷಧ ಬೇಡವೆಂದೆ. ಹೊರಗೆ ಎತ್ತು ಹಿಡಿದುಕೊಂಡು ನಿಂತಿದ್ದ ಬಸಪ್ಪ ನಮ್ಮ ಓಣಿಯವನೇ, ಊರ ದನಗಳಿಗೆ ನಾಟಿ ಔಷಧ ಮಾಡುವವನು. ಅವನೂ ಬಗ್ಗಿ ನೋಡಿದ.

“ಸೊಂಟಾ ಹಿಡದೈತಿ ಬಾಯಾರ. ಎತ್ತಾಗಿದ್ರ ಕಬ್ಬಣಾ ಕಾಸಿ ಎರಡು ಬರಿ ಎಳೀತಿದ್ದೆ. ಎದ್ದು ನಿಂದರತಿತ್ತು.”

ಬೆಳ್ಳಿಯ ತೂಕ ಒಂದು ತೆಂಗಿನಕಾಯಿಯಷ್ಟೂ ಇರಲಿಲ್ಲ. ನಾನು ಮುಚ್ಚಳ ಹಾಕಿದೆ. ಬಸಪ್ಪ ಎತ್ತಿನ ಹಗ್ಗ ಕೈಗೆ ಸುತ್ತಿಕೊಳ್ಳುತ್ತ, “ಸವಣೂರಾಗ ಒಬ್ರು ಸಾಲೋತ್ರಿ ಸಾಹೇಬ್ರು ಅದಾರ. ಪಲ್ಟಣದಾಗ ಕುದುರಿ ಡಾಕ್ಟರ್ ಆಗಿದ್ರು. ಅವ್ರಿಗೆ ತೋರಸ್ರಿ,” ಅಂದ.

ಮನೆಯಲ್ಲಿ ಹೇಳಿದಾಗ ಗಂಗತ್ತೆ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು.

“ಒಬ್ಬಾಕಿನ ಮೋಟಾರಿನ್ಯಾಗ ಹೋಗ್ತೀ? ಇಲಿ ತೊಗೊಂಡು? ಜನಾ ಏನಂದಾರು?”

“ಕೇಳಿದ್ರ ಇಲಿ ಅಂತ ಹೇಳ್ತೀನಿ ಅತ್ಯಾ.”

ಅಪ್ಪ ತೂಗುಮಣೆ ನಿಲ್ಲಿಸಿದರು. “ಛತ್ರಿ ತೊಗೊಂಡು ಹೋಗು,” ಅಂದರು. ಅಷ್ಟೇ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಸರ್ವಿಸ್ ಮೋಟಾರುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿವೆ. ಬಂಕಾಪುರದವರೆಗೆ ಬರುವಷ್ಟರಲ್ಲಿ ನಮ್ಮ ಮೋಟಾರು ಮೂರು ಕಡೆ ನಿಂತಿತು. ಏರು ಬಂದರೆ ಗಂಡಸರು ಇಳಿದು ನೂಕುತ್ತಿದ್ದರು. ಬುಟ್ಟಿ ನನ್ನ ತೊಡೆಯ ಮೇಲಿತ್ತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಕೋಳಿಯೇ ಎಂದು ಕೇಳಿದಳು. ಅಲ್ಲವೆಂದೆ. ಮತ್ತೆ ಕೇಳಲಿಲ್ಲ. ಪ್ರತಿ ಸಲ ಗಾಡಿ ಜಗ್ಗಿದಾಗ ಒಳಗಿನಿಂದ ಸಣ್ಣ ನರಳಿಕೆ ಬರುತ್ತಿತ್ತು. ಬಂದರೆ ಭಯ, ಬರದಿದ್ದರೆ ಇನ್ನೂ ಹೆಚ್ಚು ಭಯ. ಬಂಕಾಪುರದಲ್ಲಿ ಮೋಟಾರು ಬದಲಿಸಿ ಸವಣೂರು ಸೇರುವಾಗ ಮಧ್ಯಾಹ್ನ ಕಳೆದಿತ್ತು.

ಸಾಲೋತ್ರಿ ಸಾಹೇಬರ ಮನೆ ಎಲೆಬಳ್ಳಿಯ ತೋಟದ ಪಕ್ಕದಲ್ಲಿತ್ತು. ವಯಸ್ಸಾದವರು, ನೆಟ್ಟಗಿನ ಬೆನ್ನು, ಗೋರಂಟಿ ಹಚ್ಚಿದ ಗಡ್ಡ. ಅಂಗಳದಲ್ಲಿ ಒಂದು ಮುದಿ ಕುದುರೆ ಕಟ್ಟಿತ್ತು. ಬುಟ್ಟಿ ತೆರೆದು ನೋಡಿದವರು ತಲೆಯೆತ್ತಿ ನನ್ನನ್ನು ನೋಡಿದರು.

“ಇದು ನಿಮ್ಮ ಕೈಯಾಗ ಹೆಂಗ ಬಂತ್ರಿ?”

ಹೇಳಿದೆ. ಅವರು ಕೂಡ್ರಿ ಅಂತ ಮಣೆ ತೋರಿಸಿದರು.

“ಪಲ್ಟಣದ ಲ್ಯಾಬೊರೇಟರಿಯಾಗ ಇವು ರಾಶಿಗಟ್ಲೆ ಇದ್ವು. ಕುದುರಿ ರೋಗದ ಪರೀಕ್ಷಾ ಇವುಗಳ ಮ್ಯಾಲೆ ಮಾಡ್ತಿದ್ವಿ. ಇವನ್ನ ಕೊಲ್ಲೋದು ನನಗ ಕಲಿಸ್ಯಾರ. ಬದುಕಿಸೋದು ಯಾರೂ ಕಲಿಸಿಲ್ಲ. ಮೊದಲ ಹೇಳಿಬಿಡ್ತೇನಿ.”

ಆ ಮಾತು ಕೇಳಿ ನನಗೆ ಧೈರ್ಯ ಬಂತು. ಯಾಕೆಂದು ಈಗಲೂ ವಿವರಿಸಲಾರೆ.

ಅವರು ಬೆಳ್ಳಿಯನ್ನು ಟವೆಲ್ಲಿನಲ್ಲಿ ಸುತ್ತಿ ಎತ್ತಿದರು. ಹೆಬ್ಬೆರಳಿನಿಂದ ತುಟಿ ಸರಿಸಿದರು. ವಸಡು ಊದಿ ರಕ್ತ ಜಿನುಗುತ್ತಿತ್ತು. ಮೊಣಕಾಲ ಹತ್ತಿರ ಮೆಲ್ಲಗೆ ಒತ್ತಿದಾಗ ಅದು ಚೀರಿತು, ಕೆಂಚ ಚೀರಿದ ಹಾಗೆಯೇ.

“ಏನು ಹಾಕ್ತೀರಿ ಇದಕ್ಕ?”

ಒಣಹುಲ್ಲು, ಜೋಳ, ಕಡಲೆ. ಮೊದಲು ಏನು ಹಾಕುತ್ತಿದ್ದೆ, ಯಾವಾಗ ನಿಂತಿತು, ಯಾಕೆ ನಿಂತಿತು, ಎಲ್ಲ ಕೇಳಿದರು. ಶಾಕವ್ರತವೆಂದರೆ ಏನೆಂದು ಅವರಿಗೆ ವಿವರಿಸಬೇಕಾಯಿತು. ಕೇಳಿ ಮುಗಿಸಿ ಗಡ್ಡ ನೀವಿಕೊಂಡರು.

“ಒಂದು ಬ್ಯಾಸಿಗ್ಯಾಗ ನಮ್ಮಲ್ಲಿ ಹಸಿ ಮೇವು ಬರೋದು ನಿಂತಿತ್ತು. ಕುದುರಿಗೆ ಏನೂ ಆಗಲಿಲ್ಲ. ಇವು ಮಾತ್ರ ಹಿಂಗ ಕಾಲ ಎಳದು ಎಳದು ಸತ್ವು. ಆವಾಗ ನಮ್ಮ ಗೋರಾ ಡಾಕ್ಟರ್ ಹೇಳಿದ್ದ, ಇದು ಸ್ಕರ್ವಿ ಅಂತ. ಹಡಗಿನ ಮಂದಿಗೆ ಬರತಿತ್ತಲ್ಲ, ಅದ. ಹಸಿರು ಇಲ್ಲದ ಇದು ಬದುಕಂಗಿಲ್ರಿ. ನಮ್ಮಂಗ ತಡ್ಯೋ ಜೀವ ಅಲ್ಲ.”

“ಔಷಧ?”

“ಕುದುರಿ ಔಷಧ ನನ್ನ ಕಪಾಟ ತುಂಬ ಅದಾವ. ಒಂದೂ ಕೊಡಂಗಿಲ್ಲ. ಇಂಜೆಕ್ಷನ್ ಬ್ಯಾಡ, ಜುಲಾಬು ಬ್ಯಾಡ, ಹಾಲು ಬ್ಯಾಡ. ನಿಂಬಿ ರಸ ನೀರಾಗ ಹಾಕಿ ಹನಿ ಹನಿ ಕೊಡ್ರಿ. ಅಂಗಾತ ಹಿಡಿದು ಹೊಯ್ಯಬ್ಯಾಡ್ರಿ, ಉಸಿರಿನ ನಳಿಗೆ ಹೋಗತೈತಿ. ಕೊತ್ತಂಬ್ರಿ, ಪ್ಯಾರಲ ಹಣ್ಣು, ಕುದುರಿ ಮಸಾಲಿ ಸೊಪ್ಪು. ಹುಲ್ಲು ತೋಯ್ದಿದ್ರ ಅರಿವಿಲೆ ಒರಸಿ ಹಾಕ್ರಿ. ನಿಮ್ಮ ತಮ್ಮ ಹೇಳಿದ್ದೂ ಖರೆ, ಅರ್ಧಾ ಖರೆ.” ಬೆಳ್ಳಿಯನ್ನು ಬುಟ್ಟಿಗೆ ಇಳಿಸುತ್ತ ಹೇಳಿದರು, “ಖಾತ್ರಿ ಕೊಡಂಗಿಲ್ರಿ. ವ್ರತದ ಮನಿ ಅಂತೀರಿ. ಮನ್ಯಾಗ ಗಂಡಸ್ರನ್ನ ಕೇಳಬೇಕೇನು?”

“ಕೇಳೂದಿಲ್ರಿ. ಮಾಡಾಕಿ ನಾನು.”

ಇದನ್ನು ಹೇಳಿದವಳು ನಾನೇ ಎಂದು ನನಗೆ ತುಸು ಆಶ್ಚರ್ಯವಾಯಿತು. ಹಿರೇಕೆರೂರಿನಲ್ಲಿ ನನ್ನ ಗಂಡ ವಿಷಮಜ್ವರದಲ್ಲಿ ಮಲಗಿದ್ದಾಗ ಪಡಸಾಲೆಯಲ್ಲಿ ದೊಡ್ಡವರೆಲ್ಲ ಕೂತು ಮಾತಾಡುತ್ತಿದ್ದರು. ಧಾರವಾಡಕ್ಕೆ ಒಯ್ಯಬೇಕೋ ಬೇಡವೋ, ಯಾವ ಡಾಕ್ಟರು, ಏನು ಪಥ್ಯ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಹಾಲು ಕುಡಿಸಿದಾಗೆಲ್ಲ ಅವರ ಹೊಟ್ಟೆ ಉಬ್ಬುತ್ತಿದ್ದುದನ್ನು ಕಂಡವಳು ನಾನೊಬ್ಬಳೇ. ನನ್ನನ್ನು ಯಾರೂ ಕೇಳಲಿಲ್ಲ. ಹೇಳಿದ್ದರೆ ಉಳಿಯುತ್ತಿದ್ದರೆಂದು ನಾನು ನಂಬಿಲ್ಲ. ಆದರೆ ಅವರು ಹೋದದ್ದು ಬಾಗಿಲ ಆಚೆ. ನಾನಿದ್ದದ್ದು ಈಚೆ.

ಸಾಹೇಬರು ತಮ್ಮ ಕುದುರೆಗೆಂದು ಬೆಳೆದಿದ್ದ ಕುದುರೆಮಸಾಲೆ ಮೇವಿನ ಸೊಪ್ಪಿನ ಒಂದು ಕಟ್ಟನ್ನು ಕೊಯ್ದು ಕೊಟ್ಟರು. ಪೇಟೆಯಲ್ಲಿ ನಿಂಬೆಹಣ್ಣು, ಕೊತ್ತಂಬರಿ ಕೊಂಡೆ.

ಮನೆ ಸೇರಿದಾಗ ದೀಪ ಹಚ್ಚಿಯಾಗಿತ್ತು. ಗಂಗತ್ತೆ ಕೈಚೀಲ ನೋಡಿ ಪಡಸಾಲೆಯ ಬಾಗಿಲಲ್ಲಿ ಅಡ್ಡ ನಿಂತಳು.

“ಅಣ್ಣಾ, ಮನಿಯೊಳಗ ಕೊತ್ತಂಬ್ರಿ ಬರ್ಲಿಕ್ಹತ್ತದ. ವ್ರತ ಏನುಳೀತು?”

ಅಪ್ಪ ನನ್ನನ್ನು ಕೇಳಿದರು. ಸಾಹೇಬರು ಹೇಳಿದ್ದನ್ನೆಲ್ಲ ಹೇಳಿದೆ. ಅಪ್ಪ ತಂಗಿಯ ಕಡೆ ಮುಖ ತಿರುಗಿಸಿದರು.

“ಗಂಗೂ, ಸಂಕಲ್ಪ ಮಾಡಿದವರು ನಾವು ಮೂರು ಮಂದಿ. ಆ ಪ್ರಾಣಿ ಯಾವಾಗ ಸಂಕಲ್ಪ ಮಾಡ್ತು?”

“ವಾಸನಿ ಬರ್ತದಲಾ.”

“ನನಗೂ ಬರ್ತದ. ತಡಕೋತೀನಿ.”

ಗಂಗತ್ತೆ ದಾರಿ ಬಿಟ್ಟಳು. ಆದರೆ ಬುಟ್ಟಿ ಪಡಸಾಲೆಯಿಂದ ಕಟ್ಟಿಗೆ ಇಡುವ ಕೋಣೆಗೆ ಹೋಗಬೇಕೆಂದಳು. ಒಪ್ಪಿದೆ.

ಪೆನ್ನಿಗೆ ಶಾಯಿ ತುಂಬುವ ಹೊಸ ಫಿಲ್ಲರಿನಲ್ಲಿ ನಿಂಬೆ ನೀರು ಕೊಟ್ಟೆ. ಮೊದಲ ದಿನ ಎಲ್ಲ ಹೊರಗೆ ಹರಿಯಿತು. ಮರುದಿನ ಎರಡು ಹನಿ ಒಳಗೆ ಹೋಯಿತು. ವಸಡಿಗೆ ಉರಿಯಾಗಿ ಒದ್ದಾಡುತ್ತಿತ್ತು. ನೀರು ಹೆಚ್ಚಿಸಿದೆ. ಸೊಪ್ಪು ಅಗಿಯಲು ಆಗುತ್ತಿರಲಿಲ್ಲ, ಜಜ್ಜಿ ತುಟಿಗೆ ಹಚ್ಚಿದೆ. ಮೈ ಹಗುರಾಗುತ್ತಲೇ ಇತ್ತು. ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ಮನಸ್ಸು ಕಟ್ಟಿಗೆಯ ಕೋಣೆಯಲ್ಲಿರುತ್ತಿತ್ತು. ಬಿಡುವಿನಲ್ಲಿ ಮನೆಗೆ ಓಡಿ ಬಂದು, ಹೊಟ್ಟೆ ಏಳುವುದು ಬೀಳುವುದು ನೋಡಿ, ಮತ್ತೆ ಓಡುತ್ತಿದ್ದೆ. ಇನ್ನು ಆಗುವುದಿಲ್ಲ ಎಂದು ಒಂದು ಸಂಜೆ ಫಿಲ್ಲರ್ ತೊಳೆದು ಎತ್ತಿಟ್ಟೆ. ತೊಳೆದ ಮೇಲೆ ಮತ್ತೆ ತೆಗೆದುಕೊಂಡೆ.

ಆ ವಾರದ ಕೊನೆಗೆ ಅದು ಕೊತ್ತಂಬರಿಯ ಒಂದು ದೇಟನ್ನು ತಾನಾಗಿ ಎಳೆದುಕೊಂಡು ತಿಂದಿತು.

ನಾನು ಅಪ್ಪನಿಗೆ ಹೇಳಲು ಹೋದೆ. ಓಡಿ ಬಂದ ಹೆಜ್ಜೆಯ ಸದ್ದಿಗೇ ತೂಗುಮಣೆ ನಿಂತಿತು. ಅಪ್ಪನೇ, “ತಿಂತೇನು?” ಎಂದು ಕೇಳಿದರು.

ಈಗ ದೀಪಾವಳಿ ಕಳೆದಿದೆ. ಬೆಳ್ಳಿ ಬದುಕಿದೆ. ಬಲಗಾಲು ನೆಟ್ಟಗಾಗಿಲ್ಲ, ಆಗುವುದೂ ಇಲ್ಲ ಎಂದು ಸಾಹೇಬರು ಹೇಳಿ ಕಳಿಸಿದ್ದಾರೆ. ಒಂದು ಹಲ್ಲು ಬಿದ್ದು ಸೊಟ್ಟಗೆ ಬಂದಿದೆ. ಓಡುವುದಿಲ್ಲ, ಒಂದು ಬದಿಗೆ ವಾಲಿಕೊಂಡು ನಡೆಯುತ್ತದೆ. ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಚಳಿ ಹೆಚ್ಚಾದರೆ ಮತ್ತೆ ಏನಾದರೂ ಆಗಬಹುದು. ಇದ್ದಷ್ಟು ದಿನ ಹಸಿರನ್ನೂ ನಿಂಬೆ ನೀರನ್ನೂ ತಪ್ಪಿಸುವುದಿಲ್ಲ.

ಹೋದ ವಾರ ಅಪ್ಪ ಇದ್ದಕ್ಕಿದ್ದಂತೆ ಕೇಳಿದರು: “ಸುಭದ್ರಾ, ಮೀರಜದಾಗ ಕಣ್ಣಿನ ಪೊರಿ ತೆಗೀತಾರಂತ. ರೈಲಿನ್ಯಾಗ ಹೋಗಬೇಕು. ನೀ ಕರಕೊಂಡು ಹೋಗ್ತೀಯೇನು?” ಸೀನು ಎರಡು ವರ್ಷ ಹೇಳಿ ಹೇಳಿ ಸೋತಿದ್ದ ಮಾತು ಅದು. ಹೋಗೋಣ ಎಂದೆ. ಆಪರೇಶನ್ ಆದ ಮೇಲೆ ಅಲ್ಲಿ ಕೆಲವು ದಿನ ಇರಬೇಕಾಗುತ್ತದೆ. ಶಾಲೆಗೆ ರಜೆ ಕೇಳಿದ್ದೇನೆ. ಬೆಳ್ಳಿಯನ್ನು ಯಾರು ನೋಡಿಕೊಳ್ಳಬೇಕು ಎಂಬುದೊಂದು ಉಳಿದಿತ್ತು. ಓಣಿಯಲ್ಲಿ ಯಾರಿಗಾದರೂ ಹೇಳಬೇಕೆಂದು ಯೋಚಿಸುತ್ತಿದ್ದೆ.

ನಿನ್ನೆ ಗಂಗತ್ತೆ ಅಡುಗೆಮನೆಯಿಂದಲೇ, ಮುಖ ತೋರಿಸದೆ, ಕೇಳಿದಳು: “ನಿಂಬಿ ರಸ ಎಷ್ಟು ಹನಿ ಹಾಕ್ತೀ?”