ಮಗಳ ಮುಂಗೂದಲು, ಜವಳದ ತನಕ

ನಮ್ಮ ಹಿರಿಯ ಮಗಳು ಮೂರನೆಯ ವರ್ಷದಲ್ಲಿದ್ದಾಗ ಅವಳ ಮುಖ ಹೇಗಿತ್ತೆಂದು ಯಾರಾದರೂ ಕೇಳಿದರೆ ನನಗೆ ನೆನಪಿಗೆ ಬರುವುದು ಒಂದು ಮೂಗಿನ ತುದಿ, ಅದರ ಕೆಳಗೆ ಸದಾ ಏನಾದರೂ ಅಗಿಯುತ್ತಿದ್ದ ಒಂದು ಬಾಯಿ, ಇಷ್ಟೇ. ಅದರ ಮೇಲಿನದೆಲ್ಲ ಕೂದಲು. ಸಂಡೂರಿನ ಗುಡ್ಡದಿಂದ ಇಳಿದು ಬಂದ ಕರಡಿಮರಿ ಎಂದು ಓಣಿಯವರು ಅವಳನ್ನು ಕರೆಯುತ್ತಿದ್ದರು. ಅವಳಿಗೆ ಆ ಹೆಸರು ಇಷ್ಟವಾಗಿ, ಕರೆದವರ ಕಡೆಗೆ ಗುರ್ ಎನ್ನುತ್ತ ಓಡುತ್ತಿದ್ದಳು. ಆದರೆ ಕಣ್ಣು ಕಾಣದೆ ಬಾಗಿಲ ಚೌಕಟ್ಟಿಗೆ ಹಾಯುತ್ತಿದ್ದಳು.

ಕಾರಣ, ಅವಳ ಜವಳ ಆಗಿರಲಿಲ್ಲ. ಹುಟ್ಟುಗೂದಲನ್ನು ಹಂಪಿಯ ಹೊಳೆದಂಡೆಯಲ್ಲಿ ದೇವರಿಗೆ ಕೊಡುವ ತನಕ ತಲೆಗೆ ಕತ್ತರಿ ಮುಟ್ಟಿಸುವಂತಿಲ್ಲ. ಆ ಕೂದಲು ನಮ್ಮದಲ್ಲ, ನಾವು ಬರೀ ಕಾವಲುಗಾರರು. ಮೊದಲ ವರ್ಷ ಮುಹೂರ್ತ ಇಟ್ಟಾಗ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದ ಕಂಪ್ಲಿಯ ಸೋದರಮಾವನಿಗೆ ಚಳಿಜ್ವರ ಹಿಡಿಯಿತು. ಎರಡನೆಯದು ಸಮ ವರ್ಷ, ಮಾಡುವ ಪದ್ಧತಿ ಇಲ್ಲ. ಮೂರನೆಯದು ಶುರುವಾಗುವ ಹೊತ್ತಿಗೆ ಅವಳ ಅವ್ವ ಆಗಲೇ ತುಂಬು ಬಸುರಿ, ಬಸುರಿ ಇರುವ ಮನೆಯಲ್ಲಿ ಜವಳ ತೆಗೆಸಬಾರದು. ಹೀಗೆ ದೇವರ ಕೂದಲು ದೇವರ ಹೊಲದ ಹುಲ್ಲಿನಂತೆ ಯಾರ ಭಯವೂ ಇಲ್ಲದೆ ಬೆಳೆಯುತ್ತ ಹೋಯಿತು.

ಆಮೇಲೆ ಹೆರಿಗೆಯಾಗಿ ಗಂಡು ಮಗು ಹುಟ್ಟಿತು. ಹೆಂಡತಿ ಬಾಣಂತಿ ಕೋಣೆ ಸೇರಿದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡ, ಬಾಗಿಲಿಗೆ ಕಂಬಳಿಯ ಪರದೆ. ಕೂಸನ್ನೂ ಬಾಣಂತಿಯನ್ನೂ ನೋಡಿಕೊಳ್ಳಲು ನಮ್ಮ ಅವ್ವ ಇದ್ದಳು. ಆದರೆ ಅವಳಿಗೆ ಸೂಜಿಗೆ ದಾರ ಪೋಣಿಸಲೂ ಕಣ್ಣು ಸಾಲದು. ಹಾಗಾಗಿ ಹಿರಿಯ ಮಗಳ ತಲೆ ನನ್ನ ಪಾಲಿಗೆ ಬಂತು.

ನನ್ನ ಸ್ವಭಾವವನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ನಾನು ಹುಟ್ಟಿದಾಗ ಅಳಲಿಲ್ಲವಂತೆ, ಮೊದಲು ಮೇಲೆ ನೋಡಿ ಜಂತಿ ಗಟ್ಟಿ ಇದೆಯೇ ಎಂದು ಪರೀಕ್ಷಿಸಿ ಆಮೇಲೆ ಅತ್ತೆನಂತೆ. ಇದು ಅವ್ವ ಕಟ್ಟಿದ ಕಥೆ, ಆದರೆ ಕೇಳಿದವರು ಯಾರೂ ಸಂಶಯಪಡುವುದಿಲ್ಲ. ಹೊಸಪೇಟೆಯ ಪೇಟೆಯಲ್ಲಿ ನನ್ನದೊಂದು ಬೆಲ್ಲದ ಅಂಗಡಿ. ಮೋಡ ಬಂದರೆ ಬೆಲ್ಲ ಬೆವರೀತೆಂಬ ಚಿಂತೆ, ಬಿಸಿಲು ಬಿದ್ದರೆ ಕರಗೀತೆಂಬ ಚಿಂತೆ, ಎರಡೂ ಇಲ್ಲದ ದಿನ ಇದೇನು ಹೀಗಿದೆ ಎಂಬ ಚಿಂತೆ.

ಅವಳ ಅವ್ವ ಕೂದಲು ಕಟ್ಟುತ್ತಿದ್ದುದನ್ನು ನಾನು ನೋಡಿದ್ದೆ. ಮಗುವನ್ನು ಎರಡು ಮೊಣಕಾಲ ನಡುವೆ ಹಿಡಿದು, ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಏನೋ ಗುನುಗುತ್ತ, ಮಗುವಿಗೆ ತಿಳಿಯುವುದರೊಳಗೆ ಮುಗಿಸಿಬಿಡುತ್ತಿದ್ದಳು. ನಾನೂ ಹಾಗೆಯೇ ಮೊಣಕಾಲ ನಡುವೆ ಹಿಡಿದೆ, ದಾರ ಕಚ್ಚಿದೆ. ಗುನುಗಲು ಬಾಯಿ ತೆರೆದಾಗ ದಾರ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದಾಗ ಮಗಳು ಹೋದಳು.

"ಅವ್ವ ಕಟ್ಲಿ," ಎಂದಳು, ಬಾಣಂತಿ ಕೋಣೆಯ ಪರದೆಗೆ ಬೆನ್ನು ಕೊಟ್ಟು ನಿಂತು.

"ಅವ್ವಗ ಮೈ ಸರಿ ಇಲ್ಲ, ನನ್ನವ್ವಾ. ಅಪ್ಪ ಕಟ್ತಾನ ಬಾ."

"ಒಲ್ಲೆ. ಅಪ್ಪ ಎಳಿತಾನ."

ಪರದೆಯ ಒಳಗಿಂದ ಹೆಂಡತಿ, "ಎಣ್ಣಿ ಹಚ್ಚಿ ಹಿಂದಕ ಒತ್ರಿ ಸಾಕು, ಕಟ್ಟಾಕ ಹೋಗಬ್ಯಾಡ್ರಿ," ಎಂದಳು. ಹರಳೆಣ್ಣೆ ಹಚ್ಚಿದೆ. ಕೂದಲು ಹೇಳಿದ ಮಾತು ಕೇಳಿತು, ಹಿಂದಕ್ಕೆ ಮಲಗಿತು. ಆದರೆ ಅವಳನ್ನು ಜೊತೆಗೆ ಕರೆದೊಯ್ಯುತ್ತಿದ್ದ ಅಂಗಡಿಯ ಮುಂದೆ ಎತ್ತಿನ ಗಾಡಿಗಳು ಸಾಲಾಗಿ ಹೋಗುವ ಬೀದಿ. ಮಧ್ಯಾಹ್ನದ ಹೊತ್ತಿಗೆ ಆ ಕೆಂಪು ಧೂಳೆಲ್ಲ ಎಣ್ಣೆಯ ತಲೆಗೆ ಅಂಟಿ, ಮಗಳು ಕರಡಿಮರಿಯಿಂದ ಕೆಮ್ಮಣ್ಣಿನ ಗೊಂಬೆಯಾಗಿದ್ದಳು. ಸಂಜೆ ಸೀಗೆಪುಡಿ ಹಾಕಿ ತೊಳೆದಾಗ ಅವಳು ಅತ್ತದ್ದು ಮೂರು ಓಣಿಗೆ ಕೇಳಿಸಿತು.

ಇಷ್ಟೇ ಆಗಿದ್ದರೆ ತಮಾಷೆಯೇ. ಆದರೆ ಆ ವಾರ ಕಡ್ಡಿರಾಂಪುರದ ರೈತನೊಬ್ಬ ಬೆಲ್ಲ ಕೊಳ್ಳಲು ಬಂದ. ಮೂಟೆಯ ಮೇಲೆ ಕೂತಿದ್ದ ಮಗಳನ್ನು ಬಗ್ಗಿ ನೋಡಿದ.

"ಸಾವ್ಕಾರ್ರ, ಕೂಸಿನ ಕೂದ್ಲ ಕಣ್ಣಾಗ ಬೀಳಾಕತ್ತಾವ. ಹಿಂಗ ಬಿಟ್ರ ಮೆಳ್ಳಗಣ್ಣ ಬರ್ತೈತ್ರಿ."

"ಯಾರು ಹೇಳಿದ್ರು?"

"ಯಾಕ ಹೇಳಬೇಕ್ರಿ, ನಾನ ನೋಡೀನಿ. ನಮ್ಮ ಮಗ್ಗಲ ಮನಿ ಹುಡುಗಗ ಹಂಗ ಆತು. ಈಗ ಅವ ಎತ್ತಿಗೆ ಬಾರಕೋಲು ಬೀಸಿದ್ರ ನನಗ ಬೀಳತೈತಿ." ಹೀಗೆಂದು ಅವನು ಬೆಲ್ಲ ತೂಗಿಸಿಕೊಂಡು ನಗುತ್ತ ಹೋದ. ಚಿಂತೆಯನ್ನು ಮಾತ್ರ ನನ್ನಲ್ಲಿ ಬಿಟ್ಟುಹೋದ.

ಅಂದಿನಿಂದ ನನಗೆ ಬೇರೆ ಕೆಲಸವಿಲ್ಲ. ಗಿರಾಕಿಗೆ ಬೆಲ್ಲ ಒಡೆದು ಕೊಡುವುದು, ತಿರುಗಿ ಮಗಳ ಕೂದಲನ್ನು ಹಣೆಯಿಂದ ಹಿಂದಕ್ಕೆ ಸರಿಸುವುದು. ಮತ್ತೆ ಬೆಲ್ಲ, ಮತ್ತೆ ಕೂದಲು. ಮೂರನೆಯ ದಿನವೋ ನಾಲ್ಕನೆಯ ದಿನವೋ ಒಂದು ಆಶ್ಚರ್ಯ ನಡೆಯಿತು. ಸರಿಸಿದ ಕೂದಲು ಸರಿಸಿದಲ್ಲೇ ನಿಲ್ಲತೊಡಗಿತು. ಮಗಳು ಓಡಿದಳು, ಕುಣಿದಳು, ಕೂದಲು ಕದಲಲಿಲ್ಲ. ನನ್ನ ಕೈಗೆ ತಾಯಿಯ ಗುಣ ಬಂದಿತೆಂದು ನಾನು ತಿಳಿದೆ. ಸಂಜೆ ಪರದೆಯ ಹೊರಗೆ ನಿಂತು ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ, "ಇನ್ನ ನೀ ಏನೂ ಕಾಳಜಿ ಮಾಡಬ್ಯಾಡ. ಆಕಿ ತೆಲಿ ನನ್ನ ಮಾತು ಕೇಳಾಕತ್ತೈತಿ."

ಬೆಳಿಗ್ಗೆ ಮಗಳ ದಿಂಬಿಗೆ ಇರುವೆಗಳು ಸಾಲಿಟ್ಟಿದ್ದವು. ಗೋಡೆಯ ಸಂದಿಯಿಂದ ಹೊರಟ ಸಾಲು ಚಾಪೆ ದಾಟಿ, ದಿಂಬು ಹತ್ತಿ, ನೇರವಾಗಿ ಮುಂಗೂದಲಿಗೆ ಹೋಗಿ ನಿಂತಿತ್ತು. ಪುಣ್ಯಕ್ಕೆ ಕಚ್ಚುವ ಜಾತಿಯವಲ್ಲ, ಕರಿ ಇರುವೆಗಳು. ಮಗಳು ಆಗಲೇ ಎದ್ದು ಒಂದೊಂದನ್ನೇ ಬೆರಳಿಗೆ ಹತ್ತಿಸಿಕೊಂಡು ಮಾತಾಡಿಸುತ್ತಿದ್ದಳು. ಅವ್ವ ಕೂದಲು ಮುಟ್ಟಿ ನೋಡಿ, ಬೆರಳನ್ನು ನಾಲಿಗೆಗೆ ಇಟ್ಟುಕೊಂಡು, "ಲೇ ತಮ್ಮಾ, ಇದು ಬೆಲ್ಲ," ಎಂದಳು. ಹತ್ತು ವರ್ಷದಿಂದ ಬೆಲ್ಲ ಮಾರುತ್ತಿದ್ದವನಿಗೆ ತನ್ನ ಕೈಗೆ ಅಂಟಿದ್ದು ಬೆಲ್ಲವೆಂದು ಹೊಳೆದಿರಲಿಲ್ಲ.

 ಪರದೆಯ ಒಳಗಿಂದ ಹೆಂಡತಿಯ ದನಿ ಬಂತು. "ಏನ್ರಿ, ನಾಳೆ ಒಂದೀಟು ಶೇಂಗಾನೂ ಹಾಕ್ರಿ. ಉಂಡಿ ಕಟ್ಟಿ ಅಂಗಡ್ಯಾಗ ಇಡಬಹುದು."

ಬಟ್ಟೆ ಕಟ್ಟಿ ನೋಡಿದೆ, ಮಗಳು ಕಿತ್ತು ಬೆಕ್ಕಿಗೆ ಕಟ್ಟಿದಳು. ಕುಲಾಯಿ ತೊಡಿಸಿದೆ, ಅದು ಕೂದಲಿಗಿಂತ ಮುಂಚೆ ಕಣ್ಣಿಗೆ ಇಳಿಯಿತು. ಕೊನೆಗೆ ದಾರಿ ತೋರಿದವಳು ಸಂಡೂರಿನ ಕಡೆಯಿಂದ ಸೀತಾಫಲ ಹೊತ್ತು ತಂದು ಪೇಟೆಯಲ್ಲಿ ಮಾರುತ್ತಿದ್ದ ಲಂಬಾಣಿ ಹೆಣ್ಣುಮಗಳು. ನೆರಳಿಗೆಂದು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು. ಮೈಮೇಲೆಲ್ಲ ಕನ್ನಡಿ ಚೂರು, ಕವಡೆ, ಉಣ್ಣೆಯ ಕುಚ್ಚು. ಮಗಳು ಅಲ್ಲಿಗೆ ಹೋಗಿ, ಒಂದು ಕೈಯಿಂದ ತನ್ನ ಕೂದಲನ್ನು ಬಾಗಿಲ ಪರದೆಯಂತೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಆ ಕುಚ್ಚುಗಳನ್ನು ಎಳೆಯತೊಡಗಿದಳು.

"ಬೇಕೇನ ನಿನಗ?" ಎಂದು ಆಕೆ ತನ್ನ ಚೀಲದ ಅಂಚಿನಿಂದ ಒಂದು ಕೆಂಪು ಕುಚ್ಚು ಬಿಚ್ಚಿದಳು. ಅದರ ನಡುವೆ ಉಗುರಿನಷ್ಟು ಕನ್ನಡಿ. ಮಗಳ ಮುಂಗೂದಲನ್ನೆಲ್ಲ ನೆತ್ತಿಗೆ ಎತ್ತಿ, ಕುಚ್ಚಿನ ದಾರದಿಂದಲೇ ಬಿಗಿದು ಗಂಟು ಹಾಕಿದಳು. ಮಗಳು ಉಸಿರೆತ್ತಲಿಲ್ಲ. ನಾನು ಒಂದು ದೊಡ್ಡ ಬೆಲ್ಲದ ಪೆಂಟಿ ಕೊಡಹೋದರೆ ಆಕೆ, "ಇಷ್ಟು ಹೊತ್ಕೊಂಡು ಗುಡ್ಡ ಹತ್ಲೇನಣ್ಣಾ?" ಎಂದು ಒಂದು ಚೂರು ಮಾತ್ರ ಬಾಯಿಗೆ ಹಾಕಿಕೊಂಡು ಹೋದಳು.

ಎಷ್ಟೋ ದಿನದ ಮೇಲೆ ಮಗಳ ಹಣೆ ಕಂಡಿತು, ಹುಬ್ಬು ಕಂಡಿತು, ಕಣ್ಣು ಕಂಡಿತು. ಎರಡು ದಿನ ನಾನು ಸುಖವಾಗಿದ್ದೆ. ಮೂರನೆಯ ದಿನ ಆ ಕಣ್ಣನ್ನು ಸರಿಯಾಗಿ ನೋಡಿದೆ.

ಕರಿಗುಡ್ಡೆಗಳೆರಡೂ ಮೇಲಕ್ಕೆ ಹೋಗಿ, ಮೂಗಿನ ಕಡೆಗೆ ವಾಲಿ, ಅಲ್ಲೇ ನಿಂತಿದ್ದವು. ಕರೆದರೆ ಕೆಳಗೆ ಬರುತ್ತಿದ್ದವು. ಬಿಟ್ಟರೆ ಮತ್ತೆ ಮೇಲೆ.  ಕಡ್ಡಿರಾಂಪುರದವನ ಮಾತು ನಿಜವಾಗಿತ್ತು, ನಾನು ತಡ ಮಾಡಿದ್ದೆ. ಬೆರಳನ್ನು ಅವಳ ಮುಂದೆ ಹಿಡಿದು ಎಡಕ್ಕೆ ಬಲಕ್ಕೆ ಆಡಿಸಿ ಪರೀಕ್ಷಿಸಿದೆ. ಅವಳು ಬೆರಳು ಹಿಡಿದು ಕಚ್ಚಿದಳು. ಇದರಿಂದ ಹಲ್ಲು ಗಟ್ಟಿ ಇವೆಯೆಂದು ತಿಳಿಯಿತೇ ಹೊರತು ಕಣ್ಣಿನ ವಿಷಯ ತಿಳಿಯಲಿಲ್ಲ.

ಅವ್ವನಿಗೆ ಹೇಳಿದೆ. "ಮೆಳ್ಳಗಣ್ಣಿದ್ದವರಿಗೆ ದೈವ ಭಾಳ," ಎಂದಳು. ಅದೇನು ಸಮಾಧಾನವೋ. ಮಗಳನ್ನೆತ್ತಿಕೊಂಡು ಪರದೆ ಸರಿಸಿ ಬಾಣಂತಿಯ ಮುಂದೆಯೇ ನಿಲ್ಲಿಸಿದೆ. ಹೆಂಡತಿ ಕೂಸನ್ನು ಮಗ್ಗುಲಿಗೆ ಮಲಗಿಸಿ ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಆಕಿ ಕಣ್ಣಿಗೇನೂ ಆಗಿಲ್ರಿ. ನೆತ್ತಿ ಮ್ಯಾಲಿನ ಕನ್ನಡಿ ನೋಡಾಕ ಹೆಣಗಾಡತಾಳ. ತನ್ನ ತೆಲಿ ತನಗ ಹ್ಯಾಂಗ ಕಾಣಬೇಕು? ಬಿಚ್ಚಿ ಆಕಿ ಕೈಯಾಗ ಕೊಡ್ರಿ, ನೋಡಿ ಬಿಡ್ಲಿ."

"ಕನ್ನಡಿ ಕಿತ್ತು ನುಂಗಿದ್ರ?"

"ಹಂಗಂದ್ರ ಬಿಚ್ಚಿ ಮುಚ್ಚಿಡ್ರಿ."

ಬಿಚ್ಚಿ ಮುಚ್ಚಿಟ್ಟು ಬರೀ ದಾರದಿಂದ ಕಟ್ಟಿದೆ. ಮಗಳು ಅರ್ಧ ದಿನ ಅತ್ತು, ದಾರ ಕಿತ್ತು, ಕೂದಲನ್ನು ಮತ್ತೆ ಮುಖದ ಮೇಲೆ ಎಳೆದುಕೊಂಡು ಕೂತಳು. ಕುಚ್ಚು ಕಟ್ಟಿದರೆ ಕುಚ್ಚಿನಿಂದ ಮೆಳ್ಳಗಣ್ಣು, ಕಟ್ಟದಿದ್ದರೆ ಕೂದಲಿನಿಂದ ಮೆಳ್ಳಗಣ್ಣು. ಕುಚ್ಚನ್ನೇ ಕಟ್ಟಿದೆ. ಹೆಂಡತಿಯ ಮಾತನ್ನು ನಂಬಬೇಕೆಂದು ಮನಸ್ಸಿತ್ತು. ಆದರೆ ದಿನಾ ಮೇಲೆ ನೋಡಿ ನೋಡಿ ಕಣ್ಣು ಅಲ್ಲೇ ನಿಂತುಬಿಟ್ಟರೆ? ತಿರುಗಿಸಿಟ್ಟ ಬೀಗದಕೈ ಹಾಗೇ ಸಿಕ್ಕಿಕೊಳ್ಳುವುದಿಲ್ಲವೇ? ಜವಳದ ದಿನ ಕೂದಲೂ ಹೋಗುತ್ತದೆ, ಕುಚ್ಚೂ ಹೋಗುತ್ತದೆ. ಆಗ ಕಣ್ಣು ಕೆಳಗಿಳಿಯುತ್ತದೋ ಇಲ್ಲವೋ ತಿಳಿಯುತ್ತದೆ. ಬಾಣಂತನ ಮುಗಿಯುವ ತನಕ ನಾನು ಕಾಯುತ್ತ ಕೂತೆ. ಬೆಲ್ಲ ಬೆವರಿತೋ ಕರಗಿತೋ, ಆ ದಿನಗಳಲ್ಲಿ ನನಗೆ ಪರಿವೆಯೇ ಇರಲಿಲ್ಲ.

ಬಾಣಂತನ ಮುಗಿದು, ಕೊನೆಗೂ ಗಾಡಿ ಕಟ್ಟಿಕೊಂಡು ಹಂಪಿಗೆ ಹೋದೆವು. ಕಂಪ್ಲಿಯ ಭಾಮೈದ ನಮಗಿಂತ ಮುಂಚೆ ಬಂದು ಹೊಳೆದಂಡೆಯ ಕಲ್ಲುಮಂಟಪದಲ್ಲಿ ಕೂತಿದ್ದ. ಚಳಿಜ್ವರ ಬಿಟ್ಟ ಮೇಲೆ ಬಾಳೆಗೊನೆಯ ಹಾಗೆ ತುಂಬಿಕೊಂಡಿದ್ದ. ಮಗಳು ಅವನ ತೊಡೆಯ ಮೇಲೆ ಸಿಂಹಾಸನದಲ್ಲಿ ಕೂತಂತೆ ಕೂತಳು. ಕ್ಷೌರದ ಮುದುಕ ಕತ್ತಿ ಮಸೆದ. ನಾನು ಕತ್ತಿಯನ್ನು ನೋಡಿದೆ, ಮಗಳ ಕಿವಿಯನ್ನು ನೋಡಿದೆ, ಮುದುಕನ ಕೈ ನಡುಗುತ್ತದೆಯೇ ನೋಡಿದೆ.

"ಸಾವ್ಕಾರ್ರ, ನೀವು ಸ್ವಲ್ಪ ಆ ಕಡಿಗೆ ಹೋಗಿ ಕುಂದ್ರಿ," ಎಂದ ಮುದುಕ. "ಕೂಸು ಅಲುಗಾಡಾಕತ್ತಿಲ್ಲ, ನೀವು ಅಲುಗಾಡಾಕತ್ತೀರಿ."

ಮೊದಲ ಕೂದಲು ತೆಗೆಯುವ ಹಕ್ಕು ಸೋದರಮಾವನದು. ಭಾಮೈದ ಕತ್ತರಿ ಇಟ್ಟ. ಕುಚ್ಚು ಸಮೇತ ಮುಂಗೂದಲಿನ ಜುಟ್ಟು ಅವನ ಕೈಗೆ ಬಂತು. ಮಗಳ ಕಣ್ಣು ಮೇಲಕ್ಕೆ ಹೋದವು. ಹುಡುಕಿದವು. ಅಲ್ಲೇನೂ ಇರಲಿಲ್ಲ. ಆದರೂ ಅಲ್ಲೇ ನಿಂತವು. 

ಭಾಮೈದ ನನ್ನನ್ನೇನೂ ಕೇಳಲಿಲ್ಲ. ಕೂದಲನ್ನು ಬಾಳೆಎಲೆಗೆ ಹಾಕಿ, ದಾರ ಬಿಚ್ಚಿ, ಕುಚ್ಚನ್ನು ಅವಳ ಅಂಗೈಯಲ್ಲಿಟ್ಟ. "ತಗೋ, ನಿನ್ನ ಆಸ್ತಿ."

ಕಣ್ಣು ಕೆಳಗಿಳಿದವು. ಎರಡೂ ಕೂಡಿಯೇ ಇಳಿದವು, ನೇಗಿಲಿಗೆ ಕಟ್ಟಿದ ಜೋಡೆತ್ತಿನಂತೆ. ಇಷ್ಟು ದಿನ ಅವಳು ನೆತ್ತಿಯ ಮೇಲೆ ಹೊತ್ತು ತಿರುಗಿದ್ದನ್ನು ಈಗ ಮೊದಲ ಸಲ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ತಿರುಗಿಸಿ ನೋಡಿದಳು, ಕನ್ನಡಿಯಲ್ಲಿ ಇಣುಕಿದಳು, "ಇದ್ರಾಗ ನಾ ಅದೀನಿ," ಎಂದು ಮಾವನಿಗೆ ತೋರಿಸಿದಳು. ಮುದುಕ ತಲೆಯನ್ನೆಲ್ಲ ಬೋಳಿಸಿ ಮುಗಿಸುವ ತನಕ ಆ ನೋಟ ಕೈಯಿಂದ ಕದಲಲಿಲ್ಲ, ನೆಟ್ಟಗೆ ಇತ್ತು. ನಾನು ಮಂಟಪದ ಕಂಬ ಹಿಡಿದು ಕೂತುಬಿಟ್ಟೆ.

ಹೆಂಡತಿ ಕೂಸಿನ ಕಿವಿ ಮುಚ್ಚುತ್ತ, "ಕನ್ನಡಿ ನುಂಗಿದ್ಲೇನ್ರಿ?" ಎಂದಳು.

"ಮಾವಾರ," ಎಂದ ಭಾಮೈದ, "ಇನ್ನ ನಿಮ್ಗ ಚಿಂತಿ ಮಾಡಾಕ ಏನೂ ಉಳೀಲಿಲ್ಲ. ಏನ್ ಮಾಡ್ತೀರಿ?"

ಅವನಿಗೆ ನನ್ನ ಪರಿಚಯ ಸಾಲದು. ಹೊಳೆಯಲ್ಲಿ ತಲೆ ತೊಳೆಸಿ, ಗಂಧ ಹಚ್ಚಿ, ಗುಡಿಯ ಕಡೆಗೆ ಹೊರಟಾಗ ಹಂಪಿ ಬಜಾರಿನ ಕಲ್ಲೆಲ್ಲ ಕಾದು ಬಿಳಿಯಾಗಿತ್ತು. ಆ ಬಿಸಿಲು ನನ್ನ ಮಗಳ ಬರಿ ಬೋಳು ತಲೆಯ ಮೇಲೆ ಬೀಳುತ್ತಿತ್ತು. ತಲೆ ಸುಟ್ಟೀತೆಂದು ನಾನು ನನ್ನ ರುಮಾಲು ಬಿಚ್ಚಿ ಅವಳಿಗೆ ಸುತ್ತಿದೆ. ನಾಲ್ಕು ಹೆಜ್ಜೆ ಓಡಿದಳೋ ಇಲ್ಲವೋ, ರುಮಾಲು ನುಣ್ಣನೆಯ ತಲೆಯ ಮೇಲಿಂದ ಜಾರಿ ಮೂಗಿನ ತನಕ ಇಳಿಯಿತು. ಕೆಳಗೆ ಬಾಯಿ ಮಾತ್ರ ಕಾಣುತ್ತಿತ್ತು. ಗುರ್ ಎಂದಿತು.

"ಅಲ್ರಿ," ಎಂದಳು ಹೆಂಡತಿ, "ಇಷ್ಟು ದಿನ ಕಾದದ್ದು ಇದಕ್ಕೇನು?"

ನಾನು ಅಭ್ಯಾಸದಂತೆ ಬೆರಳಿನಿಂದ ಮೇಲಕ್ಕೆ ಸರಿಸಿದೆ. ಕೈಗೆ ಬೆಲ್ಲವಿರಲಿಲ್ಲ, ನಿಲ್ಲಲಿಲ್ಲ.